ಸಚಿವರ ‘ನಾನು’ ಬರೆಯುವ ನೋರೀನ್

ಏಳನೆಯ ಉತ್ತರದ ನಡುವೆ ನೋರೀನ್ ಟೂಮಿ ‘ಶೀಘ್ರದಲ್ಲಿ’ ಎಂಬ ಪದವನ್ನು ಅಳಿಸಿ, ಅಲ್ಲಿ ‘ಸೂಕ್ತ ಕಾಲದಲ್ಲಿ’ ಎಂದು ಹಾಕುತ್ತಾರೆ. ಬೆಳಗಿನ ಆರೂಮುಕ್ಕಾಲು. ಡಬ್ಲಿನ್‌ನ ಈ ಸರ್ಕಾರಿ ಕಟ್ಟಡದ ಮೂರನೆಯ ಮಹಡಿಯಲ್ಲಿ ಅವರ ಮೇಜಿನ ದೀಪ ಒಂದೇ ಉರಿಯುತ್ತಿದೆ. ಕಿಟಕಿಯಾಚೆ ಲಿಫಿ ನದಿಯ ದಂಡೆಯಲ್ಲಿ ಕಡಲಹಕ್ಕಿಗಳು ಕಸದ ಚೀಲವೊಂದನ್ನು ಎಳೆದಾಡುತ್ತಿವೆ. ‘ಶೀಘ್ರದಲ್ಲಿ’ ಎಂದರೆ ಮುಂದಿನ ತಿಂಗಳು ಯಾರಾದರೂ ಬಂದು ಎಲ್ಲಿ, ಏನಾಯಿತು ಎಂದು ಕೇಳಬಹುದು. ‘ಸೂಕ್ತ ಕಾಲದಲ್ಲಿ’ ಎಂದರೆ ಕೇಳುವ ದಾರಿಯೇ ಇಲ್ಲ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು, ಬೆಣ್ಣೆ ಹಚ್ಚಿದ ಸೋಡಾ ಬ್ರೆಡ್ಡಿನ ತುಂಡನ್ನು ಎಡಗೈಯಲ್ಲಿ ಹಿಡಿದು ಅವರು ಎಂಟನೆಯ ಪ್ರಶ್ನೆ ತೆರೆಯುತ್ತಾರೆ. ಓದಿ ಮುಗಿಸಿದ ಮೇಲೆ ಬ್ರೆಡ್ಡಿನ ತುಂಡು ತಟ್ಟೆಗೆ ವಾಪಸಾಗುತ್ತದೆ.

ಗ್ರಾಮ ಸಾರಿಗೆ ಮತ್ತು ಯೋಜನಾ ಸಚಿವರು ಸದನದಲ್ಲಿ ಎದ್ದು ನಿಂತು ‘ನಾನು’ ಎನ್ನುತ್ತಾರಲ್ಲ, ಆ ‘ನಾನು’ ನೋರೀನ್ ಬರೆದದ್ದು. ‘ನನಗೆ ಈ ವಿಷಯದ ಅರಿವಿದೆ’, ‘ನಾನು ವರದಿ ತರಿಸಿಕೊಂಡಿದ್ದೇನೆ’, ‘ಸದಸ್ಯರ ಕಾಳಜಿ ನನ್ನದೂ ಹೌದು’. ಇಪ್ಪತ್ತಾರು ವರ್ಷ, ಏಳು ಸಚಿವರು, ಮೂರು ಪಕ್ಷ. ಸಚಿವರ ಮುಖ ಬದಲಾದಾಗಲೆಲ್ಲ ‘ನಾನು’ವಿನ ಧ್ವನಿಯನ್ನು ನೋರೀನ್ ಸ್ವಲ್ಪ ತಿರುಗಿಸುತ್ತಾರೆ, ರೇಡಿಯೊದ ಗುಂಡಿ ತಿರುಗಿಸಿದ ಹಾಗೆ. ಒಬ್ಬರಿಗೆ ಉದ್ದ ವಾಕ್ಯ ಬೇಕು, ಇನ್ನೊಬ್ಬರಿಗೆ ಉಸಿರು ಸಾಲದು. ಈಗಿನವರು ‘ಸ’ ಮತ್ತು ‘ಶ’ ಒಟ್ಟಿಗೆ ಬಂದರೆ ತಡವರಿಸುತ್ತಾರೆ, ಅದನ್ನೂ ನೋಡಿಕೊಂಡು ಬರೆಯಬೇಕು. ಸದನದ ಸದಸ್ಯರು ಸಚಿವರಿಗೆ ಕಳಿಸುವ ಪ್ರಶ್ನೆಗಳಲ್ಲಿ ವಾರಕ್ಕೆ ಇಪ್ಪತ್ತೈದು ಮೂವತ್ತು ಅವರ ಮೇಜಿಗೆ. ಪ್ರತಿಯೊಂದಕ್ಕೂ ಮೂರು ಕೆಲಸದ ದಿನ. ಈವರೆಗೆ ಇಪ್ಪತ್ತಾರು ಸಾವಿರ ಉತ್ತರಗಳು ಅಚ್ಚಾಗಿವೆ. ಒಂದರ ಕೆಳಗೂ ಅವರ ಹೆಸರಿಲ್ಲ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗುಮಾಸ್ತೆಯ ಪರೀಕ್ಷೆ ಬರೆದು, ಪಶ್ಚಿಮದ ಕಿಲ್‌ಗ್ಯಾರಾ ಎಂಬ ಸಣ್ಣ ಊರಿನಿಂದ ಒಂದು ಸೂಟ್‌ಕೇಸ್ ಹಿಡಿದು ಬಂದವರು. ಅಪ್ಪ ಜಿಲ್ಲೆಯ ರಸ್ತೆ ಕೆಲಸದಲ್ಲಿದ್ದರು, ಡಾಂಬರಿನ ವಾಸನೆ ಹೊತ್ತು ಮನೆಗೆ ಬರುತ್ತಿದ್ದರು. ಶಾಲೆಯಲ್ಲಿ ಸನ್ಯಾಸಿನಿಯರು ಇಡೀ ಪುಟವನ್ನು ಮೂರು ಸಾಲಿಗೆ ಇಳಿಸುವುದನ್ನು ಕಲಿಸಿದ್ದರು. ಇಲಾಖೆ ಕಲಿಸಿದ್ದು ಮೂರು ಸಾಲನ್ನು ಒಂದು ಪುಟ ಮಾಡುವುದನ್ನು. ಮೊದಲ ಸಚಿವರು ಅವರ ಉತ್ತರ ಓದಿ ಬಂದು, ನಿನ್ನ ಬರಹ ನನ್ನ ಬಾಯಿಯ ಅಳತೆಗೇ ಹೊಲಿಸಿದ ಹಾಗಿದೆ ಎಂದಿದ್ದರಂತೆ. ಆ ಹೊಗಳಿಕೆಯಲ್ಲಿ ನಾಲ್ಕು ವರ್ಷ ಕಳೆಯಿತು ಎಂದು ನೋರೀನ್ ನಗುತ್ತಾರೆ. ಆಮೇಲೆ ಮದುವೆ, ಒಬ್ಬಳು ಮಗಳು, ಮದುವೆ ಮುರಿದದ್ದು. ಬಿಟ್ಟುಹೋದ ಗಂಡನ ದೂರು ಒಂದೇ: ಇವಳನ್ನು ಏನು ಕೇಳಿದರೂ ಪತ್ರಿಕಾ ಹೇಳಿಕೆ ಬರುತ್ತದೆ.

“ಅವನು ಹೇಳಿದ್ದು ಸುಳ್ಳಲ್ಲ” ಎನ್ನುತ್ತಾರೆ ನೋರೀನ್. “ದಿನವಿಡೀ ಬೇರೆಯವರ ‘ನಾನು’ ಬರೆದು ಮನೆಗೆ ಹೋದ್ರೆ, ನನ್ನ ‘ನಾನು’ ಎಲ್ಲಿಟ್ಟೆ ಅಂತ ಹುಡುಕಬೇಕು. ಸಿಗೋ ಹೊತ್ತಿಗೆ ಊಟದ ಸಮಯ ಮುಗಿದಿರೋದು.”

ಸುಳ್ಳು ಬರೆಯುವುದು ಈ ಕೆಲಸದಲ್ಲಿ ನಿಷಿದ್ಧ. ಸದನಕ್ಕೆ ಸುಳ್ಳು ಹೇಳಿದ ಸಚಿವರ ಕುರ್ಚಿ ಹೋಗುತ್ತದೆ. ಆದ್ದರಿಂದ ಪ್ರತಿ ವಾಕ್ಯವೂ ನಿಜವಾಗಿರಬೇಕು, ಎಲ್ಲ ವಾಕ್ಯ ಸೇರಿದರೆ ಏನೂ ತಿಳಿಯಬಾರದು. ಕಂಪ್ಯೂಟರಿನಲ್ಲಿ ಅದಕ್ಕೆಂದೇ ತಯಾರು ಸಾಲುಗಳಿವೆ. ಎಲ್ಲಕ್ಕಿಂತ ಹೆಚ್ಚು ಸವೆದದ್ದು ಇದು: ‘ಮಾರ್ಗಗಳ ದಿನನಿತ್ಯದ ಓಡಾಟ ಸಾರಿಗೆ ಪ್ರಾಧಿಕಾರಕ್ಕೆ ಸೇರಿದ್ದು. ನೇರ ಉತ್ತರಕ್ಕಾಗಿ ಪ್ರಶ್ನೆಯನ್ನು ಅವರಿಗೆ ಕಳುಹಿಸಿದ್ದೇನೆ. ಹತ್ತು ಕೆಲಸದ ದಿನಗಳಲ್ಲಿ ಉತ್ತರ ಬಾರದಿದ್ದರೆ ದಯವಿಟ್ಟು ನನ್ನ ಕಚೇರಿಗೆ ತಿಳಿಸಿ.’ ಬಸ್ಸು ಬರಲಿಲ್ಲ ಎಂದರೂ ಇದೇ, ತಂಗುದಾಣದ ಸೂರು ಹಾರಿಹೋಯಿತು ಎಂದರೂ ಇದೇ. ಜೂನ್ 24ರಂದು ನೋರೀನ್ ಮುಂದೆ ಮೂವತ್ತೊಂದು ಪ್ರಶ್ನೆಗಳಿದ್ದವು. ಅದರಲ್ಲೊಂದು ಮಾರ್ಗ 563ನ್ನು ನಿಲ್ಲಿಸುವ ಉದ್ದೇಶವಿದೆಯೇ ಎಂದು ಕೇಳಿತ್ತು. ಕಡತ ತೆರೆಯದೆ, ಈ ಮೂರು ಸಾಲನ್ನು ಅಂಟಿಸಿ ಅವರು ಮುಂದಿನದಕ್ಕೆ ಹೋದರು.

563 ಎಂಬ ಸಂಖ್ಯೆ ಅವರಿಗೆ ಏನನ್ನೂ ಹೇಳಲಿಲ್ಲ. ಕಿಲ್‌ಗ್ಯಾರಾದಲ್ಲಿ ಯಾರೂ ಬಸ್ಸನ್ನು ಸಂಖ್ಯೆಯಿಂದ ಕರೆಯುವುದಿಲ್ಲ. ಅದು ಫೊಂಸಿಯ ಬಸ್ಸು. ಫೊಂಸಿ ಎಂಬ ಡ್ರೈವರ್ ತೀರಿಕೊಂಡು ಹನ್ನೊಂದು ವರ್ಷವಾದರೂ ಅದು ಫೊಂಸಿಯ ಬಸ್ಸೇ. ವಾರಕ್ಕೆ ಮೂರು ದಿನ ಬೆಳಿಗ್ಗೆ ಅದೇ ಬಸ್ಸಿನಲ್ಲಿ ನೋರೀನ್‌ರ ಅಕ್ಕ ಅಟ್ರಾಕ್ಟಾ ನಲವತ್ತು ಕಿಲೋಮೀಟರ್ ದೂರದ ಆಸ್ಪತ್ರೆಗೆ ಹೋಗುತ್ತಾರೆ. ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ, ನಾಲ್ಕು ಗಂಟೆ ಯಂತ್ರಕ್ಕೆ ರಕ್ತ ಕೊಟ್ಟು ಶುದ್ಧ ಮಾಡಿಸಿಕೊಂಡು ಬರಬೇಕು. ಕಣ್ಣು ಮಂಜಾದ ಮೇಲೆ ಕಾರು ಬಿಟ್ಟರು. ಬಸ್ಸಿಲ್ಲದಿದ್ದರೆ ಯಂತ್ರವಿಲ್ಲ, ಯಂತ್ರವಿಲ್ಲದಿದ್ದರೆ ಒಂದು ವಾರ, ಹೆಚ್ಚೆಂದರೆ ಎರಡು.

ಈ ವಾರದ ಭಾನುವಾರ ಅಟ್ರಾಕ್ಟಾ ಫೋನು ಮಾಡಿದರು. ಬಸ್ಸು ನಿಲ್ಲುತ್ತದೆಂಬ ಸುದ್ದಿ ಕೇಳಿ, ತಂಗಿಗೆ ತೊಂದರೆ ಕೊಡುವುದೇಕೆಂದು ತಾವೇ ತಮ್ಮ ಕ್ಷೇತ್ರದ ಸದಸ್ಯೆ ಓರ್ಲಾ ಗ್ಯಾಹನ್‌ಗೆ ಹೇಳಿ ಆ ಪ್ರಶ್ನೆ ಕೇಳಿಸಿದ್ದರು. ಈಗ ಅವರ ಕೈಯಲ್ಲಿ ಎರಡು ಕಾಗದಗಳಿದ್ದವು. ಒಂದು ಸಚಿವರದು, ಪ್ರಾಧಿಕಾರವನ್ನು ಕೇಳಿ ಎನ್ನುತ್ತಿತ್ತು. ಇನ್ನೊಂದು ಪ್ರಾಧಿಕಾರದ್ದು, ಎರಡು ತಿಂಗಳ ನಂತರ ಬಂದದ್ದು, ಇದು ನೀತಿಯ ವಿಷಯ, ಸಚಿವರನ್ನು ಕೇಳಿ ಎನ್ನುತ್ತಿತ್ತು. ಭೂತಗನ್ನಡಿ ಹಿಡಿದು ಎರಡನ್ನೂ ಅವರು ಫೋನಿನಲ್ಲಿ ಓದಿದರು. ಮೊದಲನೆಯದರ ಎರಡನೆಯ ಪದಕ್ಕೇ ನೋರೀನ್‌ಗೆ ತಮ್ಮ ವಾಕ್ಯದ ಗುರುತು ಸಿಕ್ಕಿತು.

“ನಾನೇನು ಚೆಂಡಾ ಕಣೇ, ಇವರಿಬ್ರೂ ಆಚೆಗೊಮ್ಮೆ ಈಚೆಗೊಮ್ಮೆ ಒದಿಯೋಕೆ?” ಎಂದರು ಅಟ್ರಾಕ್ಟಾ. “ಇದನ್ನ ಬರ್ದಿರೋನು ಒಬ್ಬ ಇರ್ತಾನಲ್ಲ, ಅವನನ್ನ ಒಂದು ದಿನ ನನ್ನ ಕುರ್ಚೀಲಿ ಕೂರಿಸ್ಬೇಕು. ಎರಡು ಸೂಜಿ ಚುಚ್ಚಿ, ನಾಲ್ಕು ಗಂಟೆ. ಗೊತ್ತಾ ಅವನು ನಿಂಗೆ?”

“ಗೊತ್ತು” ಎಂದರು ನೋರೀನ್.

“ಕೆಟ್ಟವನಾ?”

“ಇಲ್ಲ. ಸುಸ್ತಾಗಿದ್ದಾನೆ.”

“ಸುಸ್ತಾದ್ರೆ ಮಲಗಲಿ. ಬರೀಬಾರ್ದು.”

ಸೋಮವಾರ ನೋರೀನ್ ಆ ಕಡತವನ್ನು ಬೀರುವಿನಿಂದ ತೆಗೆದರು. ನಲವತ್ತೇಳನೆಯ ಪುಟ, ಕೊನೆಯ ಪುಟ. ಜನವರಿಯಿಂದ ಮಾರ್ಗ 563 ರದ್ದು. ಕೆಳಗೆ ಸಚಿವರ ಸಹಿ, ಜೂನ್ 9. ಪ್ರಾಧಿಕಾರದ ವಿಷಯ ಎಂದು ನೋರೀನ್ ಉತ್ತರಿಸುವುದಕ್ಕೆ ಹದಿನೈದು ದಿನ ಮೊದಲೇ ಸಚಿವರು ಕೈಯಾರೆ ಬಸ್ಸನ್ನು ನಿಲ್ಲಿಸಿದ್ದರು. ಕಾರಣ ಕೇಳಿದರೆ ಅದಕ್ಕೂ ಅರ್ಧ ಸಾಲಿದೆ: ಪ್ರಯಾಣಿಕರ ಸಂಖ್ಯೆ ದಿನಕ್ಕೆ ಸರಾಸರಿ ಒಂಬತ್ತು. ಆ ಒಂಬತ್ತರಲ್ಲಿ ನಾಲ್ಕು ಮಂದಿ ಯಂತ್ರಕ್ಕೆ ಹೋಗುವವರು ಎಂಬುದನ್ನು ಯಾರೂ ಎಣಿಸಿಲ್ಲ. ಎಣಿಸುವ ಕಲಂ ಆ ನಮೂನೆಯಲ್ಲಿಲ್ಲ.

“ನಾನು ಬರೆದದ್ದು ಒಂದೊಂದು ಪದಾನೂ ನಿಯಮದ ಪ್ರಕಾರವೇ” ಎನ್ನುತ್ತಾರೆ ನೋರೀನ್. “ಕಡತ ತೆಗೆದು ನೋಡ್ಲಿಲ್ಲ, ಅಷ್ಟೆ. ನಮಗೆ ಸಂಬಳ ಕೊಡೋದು ನೋಡದೇ ಇರೋದಕ್ಕೇ ಅಂತ ಆವತ್ತು ಅನ್ನಿಸ್ತು. ಮೈಯೆಲ್ಲ ಉರೀತು. ಅವರ ಮೇಲೆ ಆಮೇಲೆ. ಮೊದಲು ನನ್ನ ಮೇಲೆ.”

ಮಂಗಳವಾರದ ಈ ಬೆಳಗಿನ ಎಂಟನೆಯ ಪ್ರಶ್ನೆ ಅದೇ. ಓರ್ಲಾ ಗ್ಯಾಹನ್ ಈ ಬಾರಿ ಬರವಣಿಗೆಯ ಉತ್ತರ ಕೇಳಿಲ್ಲ. ಗುರುವಾರ ಸದನದಲ್ಲಿ, ಬಾಯಿಮಾತಿನಲ್ಲಿ ಬೇಕಂತೆ. ತಯಾರು ಸಾಲುಗಳ ಪಟ್ಟಿಯನ್ನು ನೋರೀನ್ ಮುಚ್ಚಿಬಿಡುತ್ತಾರೆ. ಖಾಲಿ ಹಾಳೆಯ ಮೇಲೆ ಒಂದು ವಾಕ್ಯ ಬರೆಯುತ್ತಾರೆ: ‘ಮಾರ್ಗ 563ನ್ನು ಜನವರಿಯಿಂದ ನಿಲ್ಲಿಸುವ ಆದೇಶಕ್ಕೆ ಜೂನ್ 9ರಂದು ನಾನು ಸಹಿ ಮಾಡಿದ್ದೇನೆ.’ ಓದಿ ನೋಡಿದರೆ ಎಂಟು ಸೆಕೆಂಡು. ಸಚಿವರಿಗೆ ಎರಡು ನಿಮಿಷ ಇರುತ್ತದೆ.

ಹನ್ನೊಂದು ಗಂಟೆಗೆ ವಿಭಾಗದ ಮುಖ್ಯಸ್ಥ ಫಿಂಟನ್ ರೋಶ್ ಹಸಿರು ಪೆನ್ನು ಹಿಡಿದು ಬರುತ್ತಾರೆ. ನೋರೀನ್‌ಗಿಂತ ಹನ್ನೆರಡು ವರ್ಷ ಚಿಕ್ಕವರು, ಒಳ್ಳೆಯ ಸ್ವಭಾವ, ಯಾರ ಹುಟ್ಟುಹಬ್ಬವನ್ನೂ ಮರೆಯುವುದಿಲ್ಲ. ಹಾಳೆ ಓದಿ ಮೇಜಿನ ಅಂಚಿಗೆ ಒರಗುತ್ತಾರೆ.

“ಇದೇನು ನೋರೀನ್, ಪಾಪನಿವೇದನೆಯಾ? ಪಾದ್ರಿಗಳ ಹತ್ರ ಕಳಿಸ್ಲಾ ಇದನ್ನ?”

“ಅವರು ಕೇಳಿದ್ದು ಅದೇ.”

“ಕೇಳಿದ್ದು ‘ಉದ್ದೇಶವಿದೆಯೇ’ ಅಂತ. ಸಹಿ ಆಯ್ತಾ ಅಂತ ಅಲ್ಲ. ಕೇಳದ್ದನ್ನ ನಾವಾಗಿ ಯಾಕೆ ಹೇಳ್ಬೇಕು? ನನಗೆ ಇದನ್ನ ಕಲಿಸಿದ್ದೇ ನೀವು.”

ಅದೂ ನಿಜ. ಅವರು ಹೊಸದಾಗಿ ಬಂದಾಗ ಈ ಪಾಠ ಹೇಳಿಕೊಟ್ಟವರು ನೋರೀನ್. ಫಿಂಟನ್ ವಾಕ್ಯದ ಮೇಲೆ ಹಸಿರು ಗೆರೆ ಎಳೆದು, ‘ಗ್ರಾಮೀಣ ಮಾರ್ಗಗಳ ಜಾಲದ ಎಲ್ಲ ಆಯ್ಕೆಗಳೂ ಪರಿಶೀಲನೆಯಲ್ಲಿವೆ’ ಎಂದು ಮೇಲೆ ಬರೆದು, ತಮ್ಮ ಹೆಸರಿನ ಮೊದಲಕ್ಷರ ಮತ್ತು ತಾರೀಖು ಹಾಕುತ್ತಾರೆ. ಅಕ್ಕನ ವಿಷಯವನ್ನು ನೋರೀನ್ ಹೇಳುವುದಿಲ್ಲ. ಹೇಳಿದರೆ ಇದು ಅಕ್ಕನ ವಿಷಯವಾಗಿಬಿಡುತ್ತದೆ. ಉಳಿದ ಎಂಟು ಜನರ ಬಸ್ಸು ಅಲ್ಲೇ ನಿಂತುಹೋಗುತ್ತದೆ.

ಗುರುವಾರ. ಸದನದ ಪಕ್ಕದ ಅಧಿಕಾರಿಗಳ ಬೆಂಚಿನಲ್ಲಿ ಫಿಂಟನ್ ಮತ್ತು ನೋರೀನ್. ಉಪಪ್ರಶ್ನೆ ಬಂದರೆ ಇಲ್ಲಿಂದ ಸಚಿವರಿಗೆ ಚೀಟಿ ಹೋಗಬೇಕು. ನೋರೀನ್ ತೊಡೆಯ ಮೇಲೆ ಆ ಕಡತ. ಸಚಿವರು ದೊಡ್ಡ ಅಕ್ಷರದ ಹಾಳೆ ನೋಡಿಕೊಂಡು ಎರಡು ನಿಮಿಷವನ್ನು ತುಂಬಿಸುತ್ತಾರೆ. ದೇಶದ ಒಟ್ಟು ಬಸ್ಸುಗಳೆಷ್ಟು, ಕಳೆದ ವರ್ಷ ಹೆಚ್ಚಾದದ್ದೆಷ್ಟು, ಹಳ್ಳಿಯ ಜನ ತಮ್ಮ ಹೃದಯಕ್ಕೆ ಎಷ್ಟು ಹತ್ತಿರ, ಎಲ್ಲ ಬರುತ್ತದೆ. ಆಯ್ಕೆಗಳು ಪರಿಶೀಲನೆಯಲ್ಲಿವೆ. ಓರ್ಲಾ ಗ್ಯಾಹನ್ ಏಳುತ್ತಾರೆ. ಅವರ ಕೈಯಲ್ಲಿ ಕಾಗದವಿಲ್ಲ.

“ಸಚಿವರು ಯಾವುದಾದರೂ ಆದೇಶಕ್ಕೆ ಸಹಿ ಹಾಕಿದ್ದಾರಾ? ಹೌದೋ, ಇಲ್ಲವೋ. ಒಂದು ಪದ ಸಾಕು.”

ಸಚಿವರು ಬೆಂಚಿನ ಕಡೆ ತಿರುಗುತ್ತಾರೆ. ನೋರೀನ್ ಕಡತದೊಳಗೆ ಬೆರಳಿಟ್ಟು ಕೂತಿದ್ದಾರೆ, ನಲವತ್ತೇಳನೆಯ ಪುಟದಲ್ಲಿ. ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಮುಗಿಯಿತು. ಅಷ್ಟರಲ್ಲಿ ಫಿಂಟನ್ ಚೀಟಿ ಬರೆದು ದಾಟಿಸಿಯಾಗಿದೆ. ಬೇರೆಯವರಿಗಾಗಿ ಕುಳಿತು ಬರೆಯುವುದನ್ನು ಮಾತ್ರ ರೂಢಿ ಮಾಡಿಕೊಂಡ ಕಾಲುಗಳು ಏಳುವುದಿಲ್ಲ. ಇಡೀ ಜಾಲವನ್ನು ಸಮಗ್ರವಾಗಿ ನೋಡಬೇಕಾಗುತ್ತದೆ, ಒಂದು ಮಾರ್ಗವನ್ನು ಬಿಡಿಸಿ ಮಾತಾಡುವುದು ಸರಿಯಲ್ಲ ಎಂದು ಸಚಿವರು ಓದುತ್ತಾರೆ. ಸಮಯ ಮುಗಿಯಿತೆಂದು ಗಂಟೆ ಮೊಳಗುತ್ತದೆ. ಹಾಗಿದ್ದರೆ ಮಾಹಿತಿ ಕಾಯ್ದೆಯಲ್ಲಿ ಇಡೀ ಕಡತವನ್ನೇ ಕೇಳುತ್ತೇನೆ ಎಂದು ಓರ್ಲಾ ಗ್ಯಾಹನ್ ಗಂಟೆಯ ಸದ್ದಿನ ಮೇಲೆಯೇ ಹೇಳಿ ಕೂರುತ್ತಾರೆ. ಮುಂದಿನ ಪ್ರಶ್ನೆ ಒಂದು ಸೇತುವೆಯದು.

ಅದೇ ಹೊತ್ತಿಗೆ ಅಟ್ರಾಕ್ಟಾ ಆಸ್ಪತ್ರೆಯ ಕುರ್ಚಿಯಲ್ಲಿದ್ದರು. ಗೋಡೆಯ ಟೀವಿಯಲ್ಲಿ ಇದನ್ನೇ ಹಾಕಿಸಿದ್ದರಂತೆ. ಪಕ್ಕದ ಕುರ್ಚಿಯವನು, ಈ ಮನುಷ್ಯನ ಮಾತನ್ನೂ ಒಮ್ಮೆ ಯಂತ್ರಕ್ಕೆ ಹಾಕಿ ಶುದ್ಧ ಮಾಡಬೇಕು ಎಂದನಂತೆ. ಸಂಜೆ ಫೋನಿನಲ್ಲಿ ಇದನ್ನು ಹೇಳಿ ಅಟ್ರಾಕ್ಟಾ ನಕ್ಕರು. ಆಮೇಲೆ, ಜನವರಿಗೆ ಇನ್ನು ಹದಿನಾಲ್ಕು ವಾರ ಎಂದರು. ಅದಕ್ಕೆ ನಗಲಿಲ್ಲ.

ಸದನದಿಂದ ಮರಳುವಾಗ ಫಿಂಟನ್, ಕಡತ ಕೇಳಿದರೆ ಕೇಳಲಿ ಎಂದಿದ್ದರು. ಸಹಿಯಾದ ಪುಟವನ್ನು ಒಳಗಿನ ಸಲಹೆ ಎಂದು ತಡೆಹಿಡಿಯಲು ನೋಡಬಹುದು. ಕರಡುಗಳಂತೂ ಕಡತಕ್ಕೆ ಸೇರುವುದೇ ಇಲ್ಲ. ಅದು ಇಲಾಖೆಯ ಹಳೆಯ ಪದ್ಧತಿ: ವಾರದ ಕರಡುಗಳೆಲ್ಲ ಶುಕ್ರವಾರ ಬೆಳಿಗ್ಗೆ ಕಾಗದ ಕತ್ತರಿಸುವ ಯಂತ್ರಕ್ಕೆ. ಕತ್ತರಿಸುವವರು ನೋರೀನ್.

ಈ ಕೆಲಸದಿಂದ ಇನ್ನೇನು ಬೇಕು ಎಂದು ಕೇಳಿದರೆ ಅವರು ಹೇಳುವುದು ಇಷ್ಟು: “ಯಾರಾದ್ರೂ ಒಬ್ಬ ಸಚಿವರು ‘ಹೌದು’ ಅಂತ ಹೇಳಿ ಕೂತುಬಿಡೋದನ್ನ ನೋಡ್ಬೇಕು. ‘ಹೌದು, ನಾನೇ ಮಾಡಿದ್ದು, ಬೈರಿ’ ಅಂತ. ಜನ ಬೈತಾರೆ, ಬೈದು ಮುಗಿಸ್ತಾರೆ. ಬೈಯೋಕೂ ಯಾರೂ ಸಿಗದ ಹಾಗೆ ಮಾಡೋದಿದ್ಯಲ್ಲ, ಅದು ಪಾಪ. ಅದರಲ್ಲಿ ನನ್ನ ಕೈ ಇದೆ.”

ಶುಕ್ರವಾರ ಬೆಳಿಗ್ಗೆ ಏಳು. ಮಹಡಿಯಲ್ಲಿ ಯಾರೂ ಇಲ್ಲ. ಯಂತ್ರದ ಪಕ್ಕ ಕರಡುಗಳ ರಾಶಿ. ನೋರೀನ್ ಒಂದೊಂದಾಗಿ ಒಳಗೆ ಬಿಡುತ್ತಾರೆ, ಅವು ದಾರದೆಳೆಯಾಗಿ ಬುಟ್ಟಿಗೆ ಬೀಳುತ್ತವೆ. ಹಸಿರು ಗೆರೆಯ ಹಾಳೆ ಕೈಗೆ ಬಂದಾಗ ಯಂತ್ರ ನಿಲ್ಲಿಸುತ್ತಾರೆ. ಅದಕ್ಕೆ ಎರಡು ತೂತು ಹೊಡೆದು, ಮೇಲಿನ ಬಲಮೂಲೆಯಲ್ಲಿ ಶಾಯಿಯಿಂದ 48 ಎಂದು ಬರೆದು, ಕಡತದಲ್ಲಿ ನಲವತ್ತೇಳನೆಯ ಪುಟದ ಹಿಂದೆ ದಾರಕ್ಕೆ ಪೋಣಿಸುತ್ತಾರೆ. ಒಮ್ಮೆ ಅಂಕಿ ಬಿದ್ದ ಪುಟವನ್ನು ಕಡತದಿಂದ ತೆಗೆಯುವುದು ಅಪರಾಧ. ಕಡತದ ಆರಂಭದಲ್ಲಿರುವ ಪುಟಗಳ ಪಟ್ಟಿಯಲ್ಲಿ ಒಂದು ಸಾಲು ಸೇರಿಸುತ್ತಾರೆ: ಕರಡು ಉತ್ತರ, ತಿದ್ದುಪಡಿ ಸಹಿತ. ಬರೆದವರು ಎಂಬ ಕಲಂ ಯಾವಾಗಲೂ ಖಾಲಿ ಇರುತ್ತದೆ. ಅಲ್ಲಿ ಪೂರ್ತಿ ಹೆಸರು ಬರೆಯುತ್ತಾರೆ, ನೋರೀನ್ ಮೇರಿ ಟೂಮಿ.

ಕಡತವನ್ನು ಬೀರುವಿಗೆ ಸೇರಿಸಿ ಬೀಗ ಹಾಕುವಾಗ ಬಾಗಿಲಲ್ಲಿ ಫಿಂಟನ್, ಎರಡು ಕೈಯಲ್ಲಿ ಎರಡು ಕಾಫಿ.

“ಕರಡುಗಳ ಕೆಲಸ ಮುಗೀತಾ ನೋರೀನ್?”

“ಮುಗೀತು” ಎನ್ನುತ್ತಾರೆ. ಕಾಫಿ ತೆಗೆದುಕೊಂಡು, ಥ್ಯಾಂಕ್ಸ್ ಹೇಳಿ, ಮೇಜಿಗೆ ಹೋಗಿ ದಿನದ ಮೊದಲ ಪ್ರಶ್ನೆ ಓದುತ್ತಾರೆ. ಆಮೇಲೆ ಎದ್ದು, ಅದರ ಕಡತ ತರಲು ಹೋಗುತ್ತಾರೆ.