ಅಣ್ಣ ಒಲ್ಲೆಂದ ಲಾರಿ

ನಮ್ಮ ಓಣಿಯಲ್ಲಿ ಈ ಕಥೆಯನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: "ಕೈಗೆ ಲಾರಿ ಬಂದಿತ್ತು, ಅಂಜಿ ಬಿಟ್ಟ." ಹಾಗೆ ಅಂಜಿದನೆಂದು ಅವರು ಹೇಳುವುದು ನನ್ನ ಅಣ್ಣನನ್ನು. ಚಿಕ್ಕ ಮಾತು, ಹೇಳುವವರಿಗೆ ಅನುಕೂಲದ ಮಾತು. ಇದಕ್ಕೆ ಸಾಕ್ಷಿ ಏನು ಎಂದು ಒಮ್ಮೆ ಕಿರಾಣಿ ಅಂಗಡಿಯ ಕಾಕಾನನ್ನು ಕೇಳಿದೆ. "ಸಾಕ್ಷಿ ಕೇಳಾಕಿ ನೀ ಒಬ್ಬಾಕಿ ನೋಡವ್ವ ಈ ಊರಾಗ," ಎಂದು ನಕ್ಕು ಸಕ್ಕರೆ ಕಟ್ಟಿಕೊಟ್ಟ. ಹೌದು, ಕೇಳುತ್ತೇನೆ. ಹೈಸ್ಕೂಲಿನಿಂದ ಎಂ.ಎ. ಮುಗಿಯುವವರೆಗೆ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಹಳಿಯಾಳ, ಮುಂಡಗೋಡ, ಧಾರವಾಡ ಎಲ್ಲ ಕಡೆ ಗೆದ್ದ ಢಾಲುಗಳು ನಮ್ಮ ಮನೆಯ ಟಿವಿ ಮೇಲೆ ಜಾಗವಿಲ್ಲದೆ ಒಂದಕ್ಕೊಂದು ಒರಗಿ ನಿಂತಿವೆ.

ಅಂಜುವ ಮನುಷ್ಯ ಹದಿಮೂರು ವರ್ಷ ತಿರುಗುವ ರೋಲರುಗಳ ಪಕ್ಕ ನಿಂತು ಕೆಲಸ ಮಾಡುವುದಿಲ್ಲ. ಅಣ್ಣ ದುಡಿದದ್ದು ಊರಿನ ದೊಡ್ಡ ಮಿಲ್ಲಿನಲ್ಲಲ್ಲ. ದಾಂಡೇಲಿಯ ಅಂಚಿನಲ್ಲಿ, ತಗಡಿನ ಶೆಡ್ಡಿನೊಳಗೆ ರದ್ದಿ ಕಾಗದದಿಂದ ರಟ್ಟು ಮಾಡುವ ಸಣ್ಣ ಕಾರ್ಖಾನೆ ಅದು. ಅಪ್ಪನೂ ಸಾಯುವ ತನಕ ಅಲ್ಲೇ ಇದ್ದ. ಎರಡು ಮಷಿನ್‌ಗಳಲ್ಲಿ ಒಂದನ್ನು ನಿಲ್ಲಿಸಿದ ವಾರವೇ ಅದರ ಮೇಲಿದ್ದವರನ್ನೆಲ್ಲ ಮನೆಗೆ ಕಳಿಸಿದರು. "ಮಷಿನ್ ಚಾಲೂ ಆದ್ರ ಕರೀತೇವಿ," ಎಂದರಂತೆ. ಕೆಲಸದಿಂದ ತೆಗೆಯುವ ಮಾತಿಗೆ ಇಂಥದೊಂದು ಬಾಲ ಅಂಟಿಸುವುದು ಕ್ರೌರ್ಯವೋ ಕರುಣೆಯೋ ಎಂಬ ವಿಷಯವನ್ನು ಯಾರೂ ಸ್ಪರ್ಧೆಗೆ ಇಟ್ಟಿಲ್ಲ. ಇಟ್ಟರೆ ನಾನು ಎರಡೂ ಕಡೆ ಮಾತಾಡಬಲ್ಲೆ.

ಅಣ್ಣನ ಮುಂದೆ ಎರಡು ದಾರಿಗಳಿದ್ದವು. ಕಾರ್ಖಾನೆ ಸೇರುವ ಮೊದಲು ಎರಡು ವರ್ಷ ಲಾರಿ ಓಡಿಸಿದ್ದ. ಲೈಸನ್ಸನ್ನು ತಪ್ಪದೆ ರಿನ್ಯೂ ಮಾಡಿಸಿಟ್ಟಿದ್ದ. ಹಳಿಯಾಳದ ಸಾವಕಾರರೊಬ್ಬರು ತಮ್ಮ ಮೂರನೆಯ ಲಾರಿಗೆ ಡ್ರೈವರ್ ಹುಡುಕುತ್ತಿದ್ದರು. ಸೀಜನ್ನಿನಲ್ಲಿ ಕಬ್ಬು, ಉಳಿದ ದಿನ ಬೆಳಗಾವಿ, ಕೊಲ್ಲಾಪುರ, ಪುಣೆ. ಇನ್ನೊಂದು, ಜೋಯಿಡಾ ರಸ್ತೆಯ ರೆಸಾರ್ಟಿನಲ್ಲಿ ಗೇಟ್ ಕಾಯುವ ಕೆಲಸ. ಪಗಾರ ಅರ್ಧ, ಆದರೆ ಹಗಲು ಪಾಳಿ, ಸಂಜೆಗೆ ಮನೆ.

ವೈನಿ, ಅಂದರೆ ಅಣ್ಣನ ಹೆಂಡತಿ, ರೆಸಾರ್ಟಿನ ಕಡೆ. ಅವರು ತೇರಗಾಂವದವರು, ತವರಿನಲ್ಲಿ ಕಬ್ಬಿನ ಲಾರಿಗಳನ್ನೂ ಅವುಗಳ ಡ್ರೈವರುಗಳ ಹೆಂಡಿರನ್ನೂ ನೋಡಿಕೊಂಡೇ ಬೆಳೆದವರು. ನಾನು ಲಾರಿಯ ಕಡೆ. ಯಾಕೆ? ಆಗ ನನಗೆ ನಾಲ್ಕು ಕಾರಣ ಬಾಯಿಪಾಠ ಇದ್ದವು. ಈಗ ಒಂದೇ ಕಾಣುತ್ತದೆ: ವೈನಿ ಇನ್ನೊಂದು ಕಡೆ ಇದ್ದರು.

"ಕಾರ್ಖಾನಿ ಬಂದ್ ಆಗತೈತಿ, ರೆಸಾರ್ಟ್ ಬಂದ್ ಆಗತೈತಿ. ಸ್ಟೇರಿಂಗ್ ಹಿಡಿಯೂ ಕೈ ಬಂದ್ ಆಗತೈತೇನ್ರಿ ವೈನಿ?" ಎಂದೆ ಒಂದು ಸಂಜೆ.

"ಕೈ ಬಂದ್ ಆಗೂದಿಲ್ಲವ್ವ. ಮನಶಾ ಬಂದ್ ಆದ್ರ?"

"ಮನಿಯಾಗ ಕುಂತವರು ಸಾಯೂದಿಲ್ಲೇನು?"

ಅವ್ವ ಒಳಗಿನಿಂದ, "ಥೂ, ನಾಲಿಗಿ ನೋಡು ಈಕೀದು. ಇದನ್ನ ಕಟಗೊಂಡಾಂವ ಕಿವಿಗೆ ಹತ್ತಿ ಇಟಗೊಂಡಾ ಬಾಳೇ ಮಾಡಬೇಕು," ಎಂದಳು. ಎಲ್ಲರೂ ನಕ್ಕೆವು. ಅಣ್ಣ ನಮ್ಮ ಮುಖಗಳನ್ನು ನೋಡಿ, ಒಂದು ಕ್ಷಣ ತಡವಾಗಿ, ನಕ್ಕ.

ಎರಡು ವಾರ ಹೀಗೆ ವಾದಿಸಿದೆ. ಅಣ್ಣನಂಥ ಸಭಿಕ ನನಗೆ ಯಾವ ಸಭಾಂಗಣದಲ್ಲೂ ಸಿಕ್ಕಿರಲಿಲ್ಲ. ನಾನು ಮಾತಾಡುವಾಗ ನನ್ನ ಬಾಯನ್ನೇ ನೋಡುತ್ತಿದ್ದ, ತಲೆ ಆಡಿಸುತ್ತಿದ್ದ, ಅಡ್ಡ ಮಾತು ಆಡುತ್ತಿರಲಿಲ್ಲ. ಕೊನೆಗೆ "ನೋಡೂಣು" ಎನ್ನುತ್ತಿದ್ದ. ಅದನ್ನು ನಾನು ಒಪ್ಪಿಗೆಯ ಲೆಕ್ಕಕ್ಕೆ ಹಾಕಿಕೊಂಡೆ. ಅವ್ವನೂ ನನ್ನ ಕಡೆ ವಾಲಿದಳು. ವೈನಿ ಸೋತು, "ಆತು ತಗೋ, ನೀನಾ ಗೆದ್ದಿ. ಇನ್ನೊಂದು ಢಾಲು ಇಡಾಕ ಟಿವಿ ಮ್ಯಾಲ ಜಾಗಾ ಮಾಡತೇನಿ," ಎಂದರು.

ಇಲ್ಲಿ ನಮ್ಮ ಮನೆಯ ಒಂದು ರೂಢಿಯನ್ನು ಹೇಳಬೇಕು. ರಟ್ಟಿನ ಮಷಿನ್ ಓಡುವಾಗ ಪಕ್ಕದವನ ಕೂಗೂ ಕೇಳಿಸುವುದಿಲ್ಲ. ಅದಕ್ಕೇ ಅಲ್ಲಿಯವರು ಕೈಯಲ್ಲೇ ಮಾತಾಡುತ್ತಾರೆ. ಅಂಗೈ ಅಡ್ಡ ಬೀಸಿದರೆ ಹಾಳೆ ಹರಿಯಿತು. ಎರಡು ಬೆರಳು ಹಣೆಗೆ ಮುಟ್ಟಿಸಿದರೆ ಸೂಪರ್‌ವೈಜರ್ ಬಂದ. ಹೆಬ್ಬೆರಳು ಬಾಯಿಗೆ ತಂದರೆ ಚಹಾ. ಅಪ್ಪ ಈ ಸನ್ನೆಗಳನ್ನು ಮನೆಗೆ ತಂದ. ಊಟಕ್ಕೆ ಕರೆಯುವುದು, ನೀರು ಬಂತೆಂದು ಹೇಳುವುದು, ಬೇಡವಾದ ನೆಂಟರು ಬರುತ್ತಿದ್ದಾರೆಂದು ಎಚ್ಚರಿಸುವುದು ಎಲ್ಲ ಕೈಯಲ್ಲೇ. ಬಾಯಿ ತೆರೆದರೆ ಗಟ್ಟಿ ದನಿ. ಹೊಸದಾಗಿ ಬಂದವರು ನಾವು ಜಗಳಾಡುತ್ತಿದ್ದೇವೆ ಎಂದುಕೊಳ್ಳುತ್ತಿದ್ದರು. ಬೆನ್ನ ಹಿಂದಿನಿಂದ ಕರೆದರೆ ಅಣ್ಣ ತಿರುಗುತ್ತಿರಲಿಲ್ಲ, ಭುಜ ತಟ್ಟುತ್ತಿದ್ದೆವು. ಅಪ್ಪನಿಗೂ ಹಾಗೇ ಮಾಡುತ್ತಿದ್ದೆವು. ಬೇರೆ ಯಾವುದೇ ಮನೆಯಲ್ಲಾಗಿದ್ದರೆ ಒಂದು ವಾರದಲ್ಲಿ ಗೊತ್ತಾಗುತ್ತಿತ್ತು. ನಮ್ಮಲ್ಲಿ ಅದಕ್ಕೆ ಕಾರ್ಖಾನೆಯ ಚಾಳಿ ಎಂದು ಹೆಸರಿತ್ತು.

ಸಾವಕಾರರು ಒಂದು ಟ್ರಯಲ್ ನೋಡೋಣ ಎಂದರು. ಗೊಬ್ಬರದ ಚೀಲಗಳನ್ನು ಹಳಿಯಾಳದಿಂದ ಕಲಘಟಗಿ ಮೇಲೆ ಹಾಯಿಸಿ ಮುಂಡಗೋಡಕ್ಕೆ ಮುಟ್ಟಿಸಬೇಕು. ಜೊತೆಗೆ ಅವರ ಹಳೆಯ ಡ್ರೈವರ್ ಇರುತ್ತಾರೆ. ಅದೇ ದಿನ ನನಗೆ ಮುಂಡಗೋಡದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಹುದ್ದೆಯ ಸಂದರ್ಶನವಿತ್ತು. "ಬಸ್ಸಿನ್ಯಾಗ ಯಾಕ ಹೊಕ್ಕೀ, ನನ್ನ ಗಾಡ್ಯಾಗ ಬಾ," ಎಂದ ಅಣ್ಣ. 'ನನ್ನ ಗಾಡಿ' ಎಂದದ್ದು ಕೇಳಿ ನನಗೆ ಖುಷಿಯಾಯಿತು. ನನ್ನ ವಾದಕ್ಕೆ ಚಕ್ರ ಬಂದಂತಿತ್ತು.

ಅಣ್ಣ ಚೆನ್ನಾಗಿಯೇ ಓಡಿಸಿದ. ಗೇರು ಬದಲಿಸುವ ಕೈಯಲ್ಲಿ ತಡವರಿಕೆ ಇರಲಿಲ್ಲ. ಆದರೆ ಹಿಂದೆ ಒಂದು ಬಸ್ಸು ಹಾರ್ನ್ ಹೊಡೆಯತೊಡಗಿತು. ಅಣ್ಣ ಸೈಡ್ ಕೊಡಲಿಲ್ಲ. ಬಸ್ಸು ಇನ್ನೂ ಹೊಡೆಯಿತು. ಅವನು ಹಟ ಮಾಡುತ್ತಿದ್ದಾನೆ ಎಂದುಕೊಂಡೆ, ನಡುವೆ ಕುಳಿತಿದ್ದ ನಾನು. ಕನ್ನಡಿಯಲ್ಲಿ ಬಸ್ಸು ಕಂಡ ತಕ್ಷಣ ಅವನು ಬೆಚ್ಚಿ ಎಡಕ್ಕೆ ಸರಿಸಿದ.

"ತಮ್ಮಾ, ಧ್ಯಾನ ಎಲ್ಲೈತಿ?" ಎಂದರು ಹಳೆಯ ಡ್ರೈವರ್. ಅಣ್ಣ ರಸ್ತೆ ನೋಡುತ್ತಲೇ ಗೇರು ಬದಲಿಸಿದ.

ಕಲಘಟಗಿ ಇನ್ನೂ ಸ್ವಲ್ಪ ದೂರವಿತ್ತು. ಹಾಲಿನ ಕ್ಯಾನು ಕಟ್ಟಿಕೊಂಡ ಒಂದು ಬೈಕು ಎಡಗಡೆಯಿಂದ ನುಗ್ಗಿತು. ಕಿವಿ ಒಡೆಯುವ ಹಾರ್ನು. ನನಗೆ ಕೇಳಿಸಿತು, ಹಳೆಯ ಡ್ರೈವರಿಗೆ ಕೇಳಿಸಿತು. ಗುಂಡಿ ತಪ್ಪಿಸಲು ಅಣ್ಣ ಅದೇ ಎಡಕ್ಕೆ ಸ್ಟೇರಿಂಗ್ ತಿರುಗಿಸಿದ. ಹಳೆಯ ಡ್ರೈವರ್ ನನ್ನ ಮೇಲಿಂದ ಬಾಗಿ ಸ್ಟೇರಿಂಗ್ ಹಿಡಿದು ಎಳೆದರು. ಬೈಕಿನವನು ರಸ್ತೆ ಬಿಟ್ಟು ಹುಲ್ಲಿಗಿಳಿದ; ಬೀಳಲಿಲ್ಲ. ಮುಂದೆ ಬಂದು ಗಾಡಿ ಅಡ್ಡ ಹಾಕಿ, "ಕಿವುಡ ಅದೀ ಏನಲೇ?" ಎಂದು ಕೂಗಿದ.

ಬೈಗುಳಗಳು ಸಾಮಾನ್ಯವಾಗಿ ಸುಳ್ಳು ಹೇಳಿಕೆಗಳು. ಯಾರನ್ನು ಬೈಯುತ್ತೇವೋ ಅವರು ನಿಜಕ್ಕೂ ಕತ್ತೆಯಲ್ಲ, ಹಂದಿಯಲ್ಲ. ಅವತ್ತು ಮೊದಲ ಸಲ ಒಂದು ಬೈಗುಳ ನನ್ನ ಮುಂದೆ ಸರಿಯಾದ ಪ್ರಶ್ನೆಯಾಗಿ ನಿಂತಿತು.

ಕಲಘಟಗಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಹಳೆಯ ಡ್ರೈವರ್ ಅಂಗಡಿಯ ಒಳಗೆ ಹೋದರು. ಅಣ್ಣ ಟಯರಿನ ಬಳಿ, ನನಗೆ ಬೆನ್ನು ಮಾಡಿ ನಿಂತಿದ್ದ. ನಾನು ನಾಲ್ಕು ಹೆಜ್ಜೆ ಹಿಂದೆ ನಿಂತು, ನಮ್ಮ ಮನೆಯ ಗಟ್ಟಿ ದನಿಯಲ್ಲಲ್ಲ, ಜನ ಸಾಮಾನ್ಯವಾಗಿ ಮಾತಾಡುವ ದನಿಯಲ್ಲಿ ಹೇಳಿದೆ: "ಅಣ್ಣಾ, ಲಾರಿ ಬ್ಯಾಡ."

ಅವನು ಅಲುಗಲಿಲ್ಲ.

"ಅಣ್ಣಾ, ಈ ಲಾರಿ ಬ್ಯಾಡ ನಿನಗ."

ಎರಡು ವಾರದ ವಾದವನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೆ. ಅದು ಮುಟ್ಟಬೇಕಾದವನಿಗೆ ಮುಟ್ಟುತ್ತಿರಲಿಲ್ಲ. ಮೂರನೆಯ ಸಲವೂ ಹೇಳಿದೆ. ಅಂಗಡಿಯ ಬೆಂಚಿನ ಮೇಲಿದ್ದ ಅಜ್ಜ ನನ್ನನ್ನು ತಿರುಗಿ ನೋಡಿದ. ಆಮೇಲೆ ಅಣ್ಣ ಯಾಕೋ ತಾನಾಗಿಯೇ ತಿರುಗಿದ, ನನ್ನ ಮುಖ ನೋಡಿದ, ಎಲ್ಲ ಅರ್ಥ ಮಾಡಿಕೊಂಡ.

"ಎಷ್ಟು ಸಲ ಕರದಿ?" ಎಂದ.

ನಾನು ಮೂರು ಬೆರಳು ತೋರಿಸಿದೆ.

"ಎಡಗಡೆದು ಹೋಗಿ ಭಾಳ ದಿನ ಆತು," ಎಂದ. "ಬಲಗಡೆ ಒಂಚೂರು ಐತಿ. ಮನಿಯಾಗ ಹೇಳಬ್ಯಾಡ."

"ಡಾಕ್ಟರ್ ಕಡೆ?"

"ಕಿವುಡ ಅಂತ ಚೀಟಿ ಬರದು ಕೊಡ್ತಾರ. ಊರಿಗೆ ಗೊತ್ತಾಗತೈತಿ. ನಾಳೆ ಮಷಿನ್ ಚಾಲೂ ಆದ್ರ ಮದಲ ನನ್ನ ಹೆಸರಾ ಬಿಡ್ತಾರ."

"ಹಂಗಾದ್ರ ಲಾರಿ ಹೆಂಗ ಓಡಸ್ತಿದ್ದಿ?"

ಅವನು ಲಾರಿಯ ಕಡೆ ಕೈ ಮಾಡಿದ. "ಕನ್ನಡಿ ಅದಾವಲ್ಲ."

ಉಳಿದ ದಾರಿಯನ್ನು ಹಳೆಯ ಡ್ರೈವರ್ ಓಡಿಸಿದರು. "ಸ್ವಲ್ಪ ಅಂಜ್ಯಾನ, ಅಷ್ಟ. ಹದಿನೈದು ದಿನ ನನ್ನ ಜೋಡಿ ಬಂದ್ರ ಹೋಗತೈತಿ," ಎಂದು ಅವರು ನನಗೆ ಸಮಾಧಾನ ಹೇಳಿದರು. ಒಳ್ಳೆಯ ಮನುಷ್ಯ. ಓಣಿಯಲ್ಲಿ ಇವತ್ತು ತಿರುಗಾಡುವ ಕಥೆಯ ಮೊದಲ ವಾಕ್ಯ ಅವರ ಸಮಾಧಾನದ್ದೇ.

ಮುಂಡಗೋಡದ ಸಂದರ್ಶನದಲ್ಲಿ ಏನು ಕೇಳಿದರು, ಏನು ಹೇಳಿದೆ ನೆನಪಿಲ್ಲ. ಆ ಕೆಲಸ ಸಿಗಲಿಲ್ಲ.

ಮರುದಿನ ಅಣ್ಣ ಸಾವಕಾರರಿಗೆ ಫೋನು ಮಾಡಿ ಒಲ್ಲೆ ಎಂದ. ಅವ್ವ ಸಿಟ್ಟಾದಳು. "ನಿಮ್ಮಪ್ಪ ಇದ್ದಿದ್ರ ಹಿಂಗ ಅಂಜತಿದ್ದಿಲ್ಲ," ಎಂದಳು. ವೈನಿಗೆ ಬೇಕಾದದ್ದೇ ಆಗಿತ್ತು, ಆದರೂ ಗಂಡ ಅಂಜಿದ ಎಂಬ ಮಾತು ಅವರಿಗೆ ಸೇರಲಿಲ್ಲ. ನನ್ನ ಕಡೆ ತಿರುಗಿದರು. "ಎರಡು ವಾರ ಬಾಯಿ ಬಡಕೊಂಡೆಲ್ಲ, ಈಗ್ಯಾಕ ಸುಮ್ಮನ ಕುಂತಿ? ಹೇಳು ನಿಮ್ಮಣ್ಣಗ."

ಅಣ್ಣ ನನ್ನ ಬಾಯನ್ನೇ ನೋಡುತ್ತಿದ್ದ.

ರೆಸಾರ್ಟಿನ ಕೆಲಸವನ್ನು ಓಣಿಯವರು ಆರಾಮಿನ ಕೆಲಸ ಎನ್ನುತ್ತಾರೆ. ಇದಕ್ಕೂ ಸಾಕ್ಷಿ ಕೇಳಬಹುದು. ಒಮ್ಮೆ ಅವನಿಗೆ ಡಬ್ಬಿ ಕೊಡಲು ಹೋಗಿದ್ದೆ. ಕಾರಿನವರು ಗೇಟಿನ ಮುಂದೆ ಹಾರ್ನ್ ಹೊಡೆಯುತ್ತಾರೆ, ಕಾಯುವವನು ತೆರೆಯಬೇಕು, ಅದೇ ಕೆಲಸ. ಬೇರೆ ಪಾಳಿಯವನು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಫೋನು ನೋಡುತ್ತಿರುತ್ತಾನಂತೆ. ಅಣ್ಣ ಕುರ್ಚಿಯನ್ನು ಮುಟ್ಟುವುದಿಲ್ಲ. ಬಿಸಿಲಿರಲಿ ಮಳೆ ಇರಲಿ, ಗೇಟಿನ ಸರಳು ಹಿಡಿದು ರಸ್ತೆಯ ತಿರುವನ್ನು ನೋಡುತ್ತ ನಿಲ್ಲುತ್ತಾನೆ, ಇಡೀ ಪಾಳಿ. ಮ್ಯಾನೇಜರ್ ನನ್ನೆದುರೇ ಹೊಗಳಿದರು: "ನಿಮ್ಮ ಬ್ರದರ್ ಭಾಳ ಸಿನ್ಸಿಯರ್ ಮನಶಾ ರೀ, ಕುಂದರೂದಾ ಇಲ್ಲ." ಅಣ್ಣ ಡಬ್ಬಿ ತೆರೆದು ನಿಂತೇ ಉಂಡ, ತುತ್ತಿಗೊಮ್ಮೆ ರಸ್ತೆ ನೋಡುತ್ತ. ಅವನ ಕಾಲುಗಳು ಸಂಜೆಗೆ ಊದಿರುತ್ತವೆ. ಕಾರ್ಖಾನೆಯ ಮಷಿನ್ ಇನ್ನೂ ಚಾಲೂ ಆಗಿಲ್ಲ.

ಈ ಮಳೆಗಾಲದಲ್ಲಿ ಅವನೇ ವೈನಿಗೆ ಹೇಳಿದ. ಅವರು ಬೈಯಲಿಲ್ಲ, ಅಳಲಿಲ್ಲ. ಅಂದಿನಿಂದ ಅವನ ಎದುರಿಗೆ ಬಂದು ನಿಂತು ಮಾತಾಡುತ್ತಾರೆ. ಅದಾದ ಮೇಲೆ, ಹೆಸರು ಹಾಕದೆ ಇದನ್ನು ಬರೆಯಲೇ ಎಂದು ಅಣ್ಣನನ್ನು ಕೇಳಿದೆ. "ಬರಿ. ನನ್ನ ಓಣ್ಯಾಗ ಯಾರು ಓದ್ತಾರ?" ಎಂದ.

ಬರೆಯುತ್ತ ಹೋದಾಗ ನನ್ನ ಕಥೆಯಲ್ಲೂ ಒಂದು ತೂತು ಕಂಡಿತು. ಲಾರಿಯಿಂದ ಅಣ್ಣನನ್ನು ತಪ್ಪಿಸಿದವಳು ನಾನು ಎಂದು ಒಳಗೊಳಗೇ ನಂಬಿಕೊಂಡಿದ್ದೆ. ಆಧಾರ? ಬ್ಯಾಡ ಎಂದು ನಾನು ಹೇಳಿದ್ದು ಅವನ ಬೆನ್ನಿಗೆ. ಮುಖಕ್ಕೆ ಒಮ್ಮೆಯೂ ಹೇಳಿಲ್ಲ. ಅವನು ಬಿಟ್ಟದ್ದು ಬೈಕಿನವನಿಗಾಗಿಯೋ, ನನಗೆ ಗೊತ್ತಾಯಿತೆಂಬ ನಾಚಿಕೆಗೋ, ನಾನು ಮನೆಯಲ್ಲಿ ಹೇಳಿಬಿಡುತ್ತೇನೆಂಬ ಭಯಕ್ಕೋ? ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಓಣಿಯವರನ್ನು ತಿದ್ದಲು ಹೊರಟವಳು ನಾನು.

ಹೋದ ಭಾನುವಾರ ಮಧ್ಯಾಹ್ನ ಅವನು ಅಂಗಳದಲ್ಲಿ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕುಳಿತಿದ್ದ. ನಾನು ಎದುರಿಗೆ ಹೋಗಿ, ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ಕುಕ್ಕರಗಾಲಿನಲ್ಲಿ ಕುಳಿತು, ಒಂದೊಂದೇ ಮಾತನ್ನು ಬಿಡಿಸಿ ಕೇಳಿದೆ. ಅವನಿಗೆ ಪೂರ್ತಿ ತಿಳಿಯಿತು, ಅದು ಅವನ ಕಣ್ಣಿನಲ್ಲಿ ಕಂಡಿತು. ಆಮೇಲೆ ಅವನು ಮುಖ ತಿರುಗಿಸಿ ನೀರನ್ನೇ ನೋಡುತ್ತ ಕುಳಿತ. ನಾನು ಕೇಳಿದ್ದು ಇಷ್ಟೇ:

"ಅಣ್ಣಾ, ಅವತ್ತು ನಾ ನಿನ್ನ ಗಾಡ್ಯಾಗ ಕುಂತಿರಲಿಲ್ಲಂದ್ರ, ನೀ ಆ ಲಾರಿ ಹಿಡೀತಿದ್ದೇನು?"