ಅಪ್ಪನ ಎಡೆಯ ಬೀಡಿ

ಬೀಡಿ ಬಿಟ್ಟಿದ್ದೇನೆ ಎಂದು ಊರೆಲ್ಲ ಹೇಳಿಕೊಂಡು ಬಂದದ್ದು ನಾನು ಮಾಡಿದ ಮೊದಲ ದಡ್ಡತನ. ಬಬ್ಬೂರಿನ ಫಾರಂನಲ್ಲಿ ಆಳುಗಳನ್ನೂ ನೀರಿನ ಮೋಟಾರುಗಳನ್ನೂ ನೋಡಿಕೊಳ್ಳುವುದು ನನ್ನ ಕೆಲಸ. ಇಷ್ಟು ವರ್ಷ ನಾನು ಒಂದು ಬೀಡಿ ಕೇಳಿದರೆ ಕಟ್ಟು ಖಾಲಿ ಎಂದು ಜೇಬು ಮುಚ್ಚಿಕೊಳ್ಳುತ್ತಿದ್ದ ಪುಣ್ಯಾತ್ಮರೆಲ್ಲ, ನಾನು ಬಿಟ್ಟ ಸುದ್ದಿ ತಿಳಿದ ಮೇಲೆ ದೊಡ್ಡ ದಾನಿಗಳಾದರು. ಕರೆದು ಕರೆದು ಕೊಟ್ಟರು. ಕಡ್ಡಿಯನ್ನೂ ತಾವೇ ಗೀರಿ ಹಿಡಿದರು. ಒಬ್ಬ ಬಿಟ್ಟರೆ ಉಳಿದವರಿಗೆ ಕೂತ ಜಾಗ ಬಿಸಿಯಾಗುತ್ತದೆ. ಹಿಂದೆ ಬೇರೆಯವರು ಬಿಟ್ಟಾಗ ನನಗೂ ಹಾಗೇ ಆಗಿತ್ತು, ಹಾಗಾಗಿ ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವ ಹಾಗಿರಲಿಲ್ಲ.

ಬಿಡುವುದಕ್ಕೆ ಕಾರಣ ನನ್ನ ಮಗಳು. ಡಿಗ್ರಿ ಮುಗಿಸಿ ಪೊಲೀಸ್ ಕೆಲಸದ ಪರೀಕ್ಷೆಗೆ ತಯಾರಾಗುತ್ತಿದ್ದಾಳೆ, ದಿನಾ ಬೆಳಿಗ್ಗೆ ಓಡುತ್ತಾಳೆ. ಒಂದು ಭಾನುವಾರ ಜೋಗಿಮಟ್ಟಿ ಗುಡ್ಡ ಹತ್ತಿ ಬರೋಣ ಎಂದು ನನ್ನನ್ನೂ ಎಳೆದುಕೊಂಡು ಹೋದಳು. ರಸ್ತೆ ಏರುತ್ತಿದ್ದ ಹಾಗೆ ನನ್ನ ಎದೆಯೊಳಗೆ ಶಿಳ್ಳೆ ಶುರುವಾಯಿತು. ಒಂದು ಕಲ್ಲು ಕಂಡಿತು, ಕೂತೆ. ಮುಂದಿನ ತಿರುವು ಮುಟ್ಟಿದ್ದವಳು ಹಿಂತಿರುಗಿ ನೋಡಿದಳು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಇಳಿದು ಬಂದು ಪಕ್ಕದಲ್ಲಿ ಕೂತು, ತನಗೂ ಸುಸ್ತಾಯಿತು ಎಂದಳು. ಅವಳ ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ.

ಆ ಸುಳ್ಳು ಕೇಳಿ ನನಗೆ ಸಂಕಟವಾಯಿತು. ಅಪ್ಪ ಕೊನೆಯ ದಿನಗಳಲ್ಲಿ ಹೊಸ್ತಿಲ ಹತ್ತಿರ ಕೂತು ಹೀಗೇ ಉಸಿರು ಹುಡುಕುತ್ತಿದ್ದ. ಆಗ ನಾನೂ ಏನೋ ನೆಪ ಹೇಳಿ ಅವನ ಪಕ್ಕದಲ್ಲಿ ಕೂರುತ್ತಿದ್ದೆ. ಕಲ್ಲಿನ ಮೇಲೆ ಕೂತಿದ್ದವನು ಅಪ್ಪನೋ ನಾನೋ ಎಂದು ಒಂದು ಕ್ಷಣ ನನಗೇ ಗೊತ್ತಾಗಲಿಲ್ಲ. ಜೇಬಿನಿಂದ ಕಟ್ಟು ತೆಗೆದು ಮಗಳ ಕೈಗೆ ಕೊಟ್ಟೆ. ಅವಳು ಅದನ್ನು ಚೀಲದಲ್ಲಿ ಹಾಕಿಕೊಂಡಳು.

ಕೊಟ್ಟದ್ದು ಸುಲಭವಾಯಿತು. ಆಮೇಲಿನದು ಹಾಗಿರಲಿಲ್ಲ. ಟೀ ಕುಡಿದ ಕೂಡಲೇ ಬಲಗೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಊಟವಾದ ಮೇಲೆ, ಬಸ್ಸಿಗೆ ಕಾಯುವಾಗ, ಕರೆಂಟು ಹೋಗಿ ಮೋಟಾರು ನಿಂತಾಗ, ಆಸೆ ಬಂದು ಎದುರಿಗೆ ಕೂರುತ್ತಿತ್ತು. ತಲೆ ಸಿಡಿಯುವುದು, ಕಾರಣವಿಲ್ಲದೆ ಹೆಂಡತಿಯ ಮೇಲೆ ರೇಗುವುದು. ಅವಳು ಪಾಪ, ಶೇಂಗಾ ಹುರಿದು ಸಣ್ಣ ಪೊಟ್ಟಣ ಕಟ್ಟಿ ದಿನಾ ನನ್ನ ಅಂಗಿ ಜೇಬಿಗೆ ಹಾಕುತ್ತಿದ್ದಳು. ಬೀಡಿ ಕಟ್ಟು ಇರುತ್ತಿದ್ದ ಜಾಗದಲ್ಲೇ ಹಾಕುತ್ತಿದ್ದಳು, ಹುಡುಕಿದ ಕೈಗೆ ಏನಾದರೂ ಸಿಗಲಿ ಎಂದು. ಎಷ್ಟು ಶೇಂಗಾ ತಿಂದೆನೋ ದೇವರೇ ಬಲ್ಲ. ಪಿತ್ತ ಏರಿದರೂ ಪರವಾಗಿಲ್ಲ ಎಂದುಕೊಂಡು ಜಗಿದೆ.

ಬರೀ ಜಗಿಯುವುದರಿಂದ ಬಗೆಹರಿಯುವ ವಿಷಯವಲ್ಲ ಅದು. ನನಗೆ ದಾರಿ ತೋರಿಸಿದ್ದು ಅಪ್ಪನ ಕುರಿಗಳು. ನಮ್ಮದು ಹಿರೇಗುಂಟನೂರಿನ ಕಡೆ ಕುರಿ ಕಾಯುವ ಮನೆತನ, ಈಗಲೂ ನನ್ನ ತಮ್ಮ ಆ ಮಂದೆಯನ್ನು ನೋಡಿಕೊಂಡಿದ್ದಾನೆ. ಚಿಕ್ಕವನಿದ್ದಾಗ ಕುರಿಗಳ ಹಿಂದೆ ಹೋಗುತ್ತಿದ್ದೆ. ದಾರಿಯಲ್ಲಿ ಒಬ್ಬರ ಜೋಳದ ಹೊಲ, ಅದಕ್ಕೊಂದು ಹರುಕು ಬೇಲಿ. ದಿನಾ ಅಲ್ಲಿಗೆ ಬಂದ ಕೂಡಲೇ ಮಂದೆಯೆಲ್ಲ ಹೊಲದ ಕಡೆ ಕತ್ತು ತಿರುಗಿಸುತ್ತಿತ್ತು. ನಾನು ಕೋಲೆತ್ತಿ ಕೂಗಾಡುತ್ತಿದ್ದೆ. ಅಪ್ಪ ಮಾತ್ರ ಬೇಲಿ ಇನ್ನೂ ದೂರವಿರುವಾಗಲೇ ಮುಂದಿನ ಟಗರನ್ನು ಹಳ್ಳದ ಕಡೆ ತಿರುಗಿಸಿಬಿಡುತ್ತಿದ್ದ. ಹಸಿರು ಕಂಡ ಮೇಲೆ ಕುರಿ ನಿನ್ನ ಮಾತು ಕೇಳುವುದಿಲ್ಲ, ಕಾಣುವ ಮುಂಚೆ ಕೇಳುತ್ತದೆ ಎನ್ನುತ್ತಿದ್ದ.

ನಾನೂ ಹಾಗೇ ಮಾಡಿದೆ. ಊಟವಾದ ಮೇಲೆ ಬೀಡಿ ಸೇದುವವರೆಲ್ಲ ಸೇರುವ ಬೇವಿನ ಮರದ ಕೆಳಗೆ ಹೋಗಿ ಕೂರುವುದನ್ನು ಬಿಟ್ಟೆ, ಕೈ ತೊಳೆದವನೇ ನೀರಿನ ಕಾಲುವೆ ನೋಡಲು ಹೊರಟುಬಿಡುತ್ತಿದ್ದೆ. ಬಸ್ಸಿಗೆ ಗೂಡಂಗಡಿಯ ಮುಂದೆ ನಿಲ್ಲದೆ ಆಚೆಯ ತಿರುವಿನಲ್ಲಿ ನಿಂತೆ. ಟೀ ಬಿಟ್ಟು ಮಜ್ಜಿಗೆ ಹಿಡಿದೆ. ಹೀಗೆ ಸುತ್ತುದಾರಿಯಲ್ಲಿ ಓಡಾಡುತ್ತ ಬೇಸಿಗೆ ಕಳೆದು ಮಳೆಗಾಲವೂ ಬಂತು. ಒಂದು ಭಾನುವಾರ ಜೋಗಿಮಟ್ಟಿಯಲ್ಲಿ ಆ ಕಲ್ಲನ್ನು ದಾಟಿ ಮುಂದೆ ಹೋದೆ, ಅವತ್ತು ಮಗಳೇ ನನಗೆ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದಳು.

ಸುತ್ತು ಹಾಕಿ ದಾಟಲಾಗದ ಬೇಲಿ ಒಂದೇ ಇತ್ತು. ಅದು ಹಿರಿಯರ ಹಬ್ಬ.

ಮಹಾಲಯ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಹೋದವರಿಗೆ ಎಡೆ ಇಡುತ್ತೇವೆ. ಅವರಿಗೆ ಏನೇನು ಇಷ್ಟವಿತ್ತೋ ಅದೆಲ್ಲ ಬಾಳೆ ಎಲೆಯ ಮೇಲೆ ಬರಬೇಕು. ಅಪ್ಪನ ಎಲೆಗೆ ಮುದ್ದೆ, ಮಾಂಸದ ಸಾರು, ಹೋಳಿಗೆ, ಪಕ್ಕದಲ್ಲಿ ಒಂದು ಕರಿ ಕಂಬಳಿ. ಕೊನೆಗೆ ಹಚ್ಚಿದ ಬೀಡಿ. ಅದನ್ನು ಹಿರಿಯ ಮಗ ಬಾಯಲ್ಲಿಟ್ಟು ಹಚ್ಚಿ, ಒಂದು ದಮ್ಮು ಎಳೆದು, ಚೆನ್ನಾಗಿ ಹೊತ್ತಿಕೊಂಡಿದೆಯೇ ಎಂದು ನೋಡಿ ಎಲೆಯ ಅಂಚಿಗೆ ಇಡಬೇಕು. ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯುತ್ತೇವೆ, ಹಿರಿಯರು ಬಂದು ಉಂಡು ಹೋಗಲಿ ಎಂದು. ಬಾಗಿಲು ತೆಗೆದಾಗ ಬೀಡಿ ಪೂರ್ತಿ ಸುಟ್ಟು ಬೂದಿಯಾಗಿದ್ದರೆ ಅಪ್ಪ ಸೇದಿದ ಎಂದು ನಮಗೆಲ್ಲ ಸಮಾಧಾನ.

ನನಗೆ ಆ ಬೀಡಿ ಬರೀ ಶಾಸ್ತ್ರವಲ್ಲ. ಅಪ್ಪ ಬದುಕಿರುವವರೆಗೆ ನಾನು ಅವನ ಎದುರು ಸೇದಿದವನಲ್ಲ, ನಮ್ಮಲ್ಲಿ ಯಾರೂ ಹಾಗೆ ಸೇದುವುದಿಲ್ಲ. ಆದರೆ ಅವನಿಗೆ ಗೊತ್ತಿತ್ತು. ನಾನು ರಜೆಗೆ ಊರಿಗೆ ಹೋದರೆ ಗೋಡೆಯ ಗೂಡಿನಲ್ಲಿ ತನ್ನ ಕಟ್ಟನ್ನು ಇಟ್ಟು, ಕುರಿ ನೋಡಿ ಬರುತ್ತೇನೆ ಎಂದು ಎದ್ದು ಹೋಗುತ್ತಿದ್ದ. ನಾನು ಹಿತ್ತಲಿಗೆ ಹೋಗಿ ಸೇದಿ ಬರುವಷ್ಟು ಹೊತ್ತು ಬಿಟ್ಟು, ಅಂಗಳದಲ್ಲಿ ಜೋರಾಗಿ ಕೆಮ್ಮಿಕೊಂಡು ಒಳಗೆ ಬರುತ್ತಿದ್ದ. ಮಗನನ್ನು ಮುದ್ದು ಮಾಡುವುದು ಅವನಿಗೆ ಬರುತ್ತಿರಲಿಲ್ಲ, ಇದು ಬರುತ್ತಿತ್ತು. ಅವನು ಹೋದ ಮೇಲೆ ವರ್ಷಕ್ಕೊಂದು ಸಲ ಎಡೆಯ ಮುಂದೆ ಮಾತ್ರ ನಾವಿಬ್ಬರೂ ಒಂದೇ ಬೀಡಿ ಸೇದಿದ ಹಾಗಾಗುತ್ತಿತ್ತು. ಬೀಡಿ ಬಿಡುವುದೆಂದರೆ ಅಪ್ಪನನ್ನೂ ಬಿಟ್ಟ ಹಾಗೆ ಅನಿಸಿ ನನಗೆ ಹೆದರಿಕೆಯಾಗುತ್ತಿತ್ತು. ಆ ಒಂದು ದಮ್ಮು ಎಳೆದರೆ ಅದು ಒಂದಕ್ಕೇ ನಿಲ್ಲುವುದಿಲ್ಲ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು.

ದೀಪಕ್ಕೆ ಹಿಡಿದು ಹಚ್ಚು, ಬಾಯಿಗೆ ಇಡಬೇಡ ಎಂದು ಮಗಳು ಹಬ್ಬಕ್ಕೆ ಊರಿಗೆ ಬರುವ ದಾರಿಯಲ್ಲೇ ಹೇಳಿದ್ದಳು. ಹಾಗೇ ಹಿಡಿದೆ. ಬೀಡಿ ಎಲೆ ಸುಟ್ಟ ವಾಸನೆ ಮೂಗಿಗೆ ಬಂದ ಕೂಡಲೇ ಬಾಯಲ್ಲಿ ನೀರೂರಿತು. ಎಲ್ಲರೂ ಆಚೆ ಹೋಗಿದ್ದರು, ಕೋಣೆಯಲ್ಲಿ ಅಪ್ಪನ ಫೋಟೊ ಮತ್ತು ನಾನು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೈ ತುಟಿಯ ಹತ್ತಿರ ಬಂದದ್ದೂ ನಿಜ. ಮಗಳು ಹೊರಗಿನ ಜಗಲಿಯಲ್ಲಿ ಅಜ್ಜಿಯ ಜೊತೆ ಮಾತಾಡುತ್ತಿದ್ದದ್ದು ಕೇಳಿಸಿತು. ಬೀಡಿಯನ್ನು ಎಲೆಯ ಅಂಚಿಗೆ ಇಟ್ಟು, ಅಪ್ಪನ ಮುಖ ನೋಡದೆ ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಸ್ವಲ್ಪ ಹೊತ್ತಿನ ಮೇಲೆ ಚಿಕ್ಕಪ್ಪ ಬಾಗಿಲು ತೆಗೆದ. ಬೀಡಿ ತುದಿಯಲ್ಲಿ ಕಪ್ಪಗಾಗಿ ಆರಿಹೋಗಿತ್ತು. ಒಂದು ಬೆರಳಿನ ಅಗಲವೂ ಸುಟ್ಟಿರಲಿಲ್ಲ. ತಮ್ಮ ನನ್ನ ಕಡೆ ನೋಡಿದ, ಅವನ ಹೆಂಡತಿ ನೆಲ ನೋಡಿದಳು.

“ಹಿಂಗ್ಯಾಕೆ ಮಾಡ್ದೆ? ಅಣ್ಣ ಮುಟ್ಟೇ ಇಲ್ಲ,” ಎಂದ ಚಿಕ್ಕಪ್ಪ. “ಬಾಯಾಗೆ ಇಟ್ಕಂಡು ಸರಿಯಾಗಿ ಎಳದು ಹಚ್ಚಪ್ಪ. ವರ್ಷಕ್ಕೊಂದು ದಿನ ಬರೋನು, ಹಂಗೇ ಕಳಿಸ್ಬಾರ್ದು.”

ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಣ್ಣನ ಮೇಲಿನ ಪ್ರೀತಿಯೇ ಇತ್ತು, ಅದಕ್ಕೇ ಅದು ಚುಚ್ಚಿತು. ಬೀಡಿಯನ್ನು ಕೈಗೆ ತೆಗೆದುಕೊಂಡೆ. ತಮ್ಮ ಬೆಂಕಿಪೊಟ್ಟಣ ಕೊಟ್ಟ. ಮಗಳು ಬಾಗಿಲ ಹತ್ತಿರ ನಿಂತಿದ್ದಳು. ಅವಳ ಮುಖ ನೋಡಿದರೆ ಹಚ್ಚಲಾರೆ, ಅಪ್ಪನ ಫೋಟೊ ನೋಡಿದರೆ ಹಚ್ಚದೆ ಇರಲಾರೆ. ನಾನು ಎರಡನ್ನೂ ನೋಡದೆ ನಿಂತೆ.

ಅವ್ವ ಜಗಲಿಯಿಂದ ಎದ್ದು ಒಳಗೆ ಬಂದಳು. ನನ್ನ ಕೈಯಿಂದ ಬೀಡಿ ತೆಗೆದುಕೊಂಡು ಅದರ ಕಪ್ಪು ತುದಿಯನ್ನು ತಿರುಗಿಸಿ ನೋಡಿದಳು.

“ಸುಮ್ನಿರಪ್ಪ ನೀನು,” ಎಂದಳು ಚಿಕ್ಕಪ್ಪನಿಗೆ. ಆಮೇಲೆ ನನಗೆ ಹೇಳಿದಳು, “ನೀನು ಬಿಟ್ಟಿದ್ದು ನೋಡಿ ನಿಮ್ಮಪ್ಪಾನೂ ಬಿಟ್ಟೈತೆ. ನಾನು ಜೀವಮಾನೆಲ್ಲ ಹೇಳ್ದೆ, ನನ್ನ ಮಾತು ಕೇಳಲಿಲ್ಲ. ಮಗ ಅಂದ್ರೆ ಕೇಳ್ತೈತೆ.”

ಬೀಡಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಎಲೆಯ ಅಂಚು ಖಾಲಿ ಕಾಣುತ್ತಿತ್ತು. ಏನು ಮಾಡುವುದೆಂದು ತೋಚದೆ ಜೇಬಿಗೆ ಕೈ ಹಾಕಿದೆ, ಹೆಂಡತಿ ಕಟ್ಟಿದ್ದ ಪೊಟ್ಟಣ ಸಿಕ್ಕಿತು. ಬಿಚ್ಚಿ ಒಂದು ಹಿಡಿ ಶೇಂಗಾವನ್ನು ಆ ಜಾಗದಲ್ಲಿ ಸುರಿದೆ.

“ಅಣ್ಣಗೆ ಹಲ್ಲೆಲ್ಲಿದ್ವಪ್ಪ, ಇದನ್ನ ಕಡಿಯಾಕೆ?” ಎಂದ ಚಿಕ್ಕಪ್ಪ.

ಮೊದಲು ನಕ್ಕಿದ್ದು ಅವ್ವ. ಆಮೇಲೆ ಎಲ್ಲರೂ ನಕ್ಕರು. ಅವ್ವ ನಗುತ್ತಲೇ ಶೇಂಗಾವನ್ನು ಒರಳಿಗೆ ಹಾಕಿ ಪುಡಿ ಮಾಡಿ, ಬೆಲ್ಲ ಬೆರೆಸಿ ತಂದು ಎಲೆಯ ಮೇಲೆ ಇಟ್ಟಳು. ಮತ್ತೆ ಬಾಗಿಲು ಮುಚ್ಚಿ ಹೊರಗೆ ಕಾದೆವು.

ಊಟವಾದ ಮೇಲೆ ಎಂದಿನಂತೆ ಆಸೆ ಬಂತು. ಅವತ್ತು ಸುತ್ತುದಾರಿ ಹಿಡಿಯಲಿಲ್ಲ, ಎದ್ದು ಎಲ್ಲಿಗೂ ಹೋಗಲಿಲ್ಲ. ಅಪ್ಪ ಕಟ್ಟು ಇಡುತ್ತಿದ್ದ ಗೂಡಿನ ಕೆಳಗೆ ಗೋಡೆಗೆ ಒರಗಿ ಕೂತೆ. ಅವನಿಗೂ ಈಗ ಆಸೆ ಆಗುತ್ತಿರಬೇಕು ಅನಿಸಿತು. ಅದು ಹೋಗುವವರೆಗೆ ಇಬ್ಬರೂ ಅಲ್ಲೇ ಕೂತಿದ್ದೆವು.