ಸಿಂಕಿನ ಪಕ್ಕದ ಬಟ್ಟಲು

ನಾಲ್ಕೂವರೆಗೆ ನಲ್ಲಿಯಲ್ಲಿ ನೀರು ಬರುತ್ತದೆ, ಐದೂಕಾಲಿಗೆ ನಿಂತುಹೋಗುತ್ತದೆ. ಅಷ್ಟರೊಳಗೆ ಎರಡು ಡ್ರಮ್ಮು, ಆರು ಕೊಡ ತುಂಬಬೇಕು. ಕೊಡ ತುಂಬುವ ಹೊತ್ತಿನಲ್ಲಿ ಹಿಂದಿನ ರಾತ್ರಿಯ ಪಾತ್ರೆ ತೊಳೆಯಬೇಕು, ಪಾತ್ರೆಯ ನೀರು ಸೋರುವ ಹೊತ್ತಿನಲ್ಲಿ ತರಕಾರಿ ಹೆಚ್ಚಬೇಕು. ಹಾಲಿನ ಪ್ಯಾಕೆಟ್ಟು ಬಾಗಿಲಿಗೆ ಬೀಳುತ್ತಲೇ ಕಾಯಿಸಿ ಅತ್ತೆಯ ಲೋಟಕ್ಕೆ, ಗಂಡನ ಚಹಾಕ್ಕೆ, ಮೊಸರಿನ ಪಾತ್ರೆಗೆ ಹಂಚಬೇಕು, ಉಳಿದರೆ ತನಗೆ. ಅತ್ತೆಯ ಮಾತ್ರೆಗೆ ಬಿಸಿನೀರು. ಗಂಡನ ಅಂಗಿಗೆ ಇಸ್ತ್ರಿ. ಮೂರು ಬುತ್ತಿ. ಅಡುಗೆಮನೆಯ ದೀಪ ಹಾಕುವಂತಿಲ್ಲ, ನಡುಮನೆಯಲ್ಲಿ ಮಲಗಿರುವ ಅತ್ತೆಯ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಬೀದಿದೀಪದಿಂದ ಕಿಟಕಿಗೆ ಬಿದ್ದಷ್ಟು ಬೆಳಕಿನಲ್ಲಿ, ಅರ್ಧ ಕಣ್ಣಿನಿಂದ ಅರ್ಧ ಕೈಯಿಂದ ನೋಡಿಕೊಂಡು ಎಲ್ಲ ಮುಗಿಸಬೇಕು.

ಏಳೂವರೆಗೆ ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿರಬೇಕು. ಅಲ್ಲಿನ ರಸಾಯನಶಾಸ್ತ್ರದ ಲ್ಯಾಬಿಗೆ ಹನ್ನೊಂದು ವರ್ಷದಿಂದ ಅವಳೇ ಅಟೆಂಡರ್. ಹುಡುಗಿಯರು ಕರೆಯುವುದು ಲ್ಯಾಬಕ್ಕ ಎಂದು. ಬೀಗ ತೆಗೆಯುವುದು, ಸೀಸೆ ತುಂಬುವುದು, ನೂರಾರು ಟೆಸ್ಟ್‌ಟ್ಯೂಬು ತೊಳೆದು ಬೋರಲು ಹಾಕುವುದು ಅವಳ ಕೆಲಸ. ಕೆಲಸದ ಪಟ್ಟಿಯಲ್ಲಿ ಇಲ್ಲದ್ದು ಇನ್ನೊಂದಿತ್ತು. ಪ್ರಯೋಗದಲ್ಲಿ ಬರಬೇಕಾದ ನೀಲಿ ಬಾರದಿದ್ದರೆ ಮೇಷ್ಟ್ರು ಅವಳ ಕಡೆ ಒಮ್ಮೆ ನೋಡುತ್ತಿದ್ದರು. ಅವರು ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ನೀಲಿ ಬಂದಿರುತ್ತಿತ್ತು. ಯಾವುದಕ್ಕೆ ಎಷ್ಟು ತೊಟ್ಟು ಎಂದು ಅವಳ ಕೈಗೆ ಗೊತ್ತಿತ್ತು. ಕೈಗೆ ಗೊತ್ತಿರುವುದಕ್ಕೆ ಯಾರೂ ಸರ್ಟಿಫಿಕೇಟು ಕೊಡುವುದಿಲ್ಲ.

ಮಗಳು ಅದೇ ಶಾಲೆಯಲ್ಲಿ ಹತ್ತನೇ ತರಗತಿ. ಪ್ರಾಜೆಕ್ಟಿನ ಚೀಟಿ ಎತ್ತಿದಾಗ ಅವಳಿಗೆ ಬಂದದ್ದು ಹಾಲಿನಿಂದ ಸಕ್ಕರೆ ಬೇರ್ಪಡಿಸುವುದು. ಮನೆಯಲ್ಲಿ ಇದು ಎರಡು ದಿನದ ತಮಾಷೆಯಾಯಿತು. ಅತ್ತೆ ಪಕ್ಕದ ಮನೆಯವರಿಗೆ ಕೂಗಿ ಹೇಳಿದರು: "ನಾವೆಲ್ಲ ಹಾಲಿಗೆ ಸಕ್ಕರೆ ಹಾಕಿದ್ವಿ. ನನ್ನ ಮೊಮ್ಮಗಳು ಹಾಲಿಂದ ಸಕ್ಕರೆ ತೆಗೀತಾಳಂತೆ. ಇನ್ನು ಅಂಗಡಿಯವನ ಗತಿ?" ಗಂಡ ಪೇಪರಿನಿಂದ ತಲೆ ಎತ್ತದೆ, ಹಾಲು ಒಡೆದರೆ ಅಮ್ಮನಿಗೆ ಬೈಗುಳ, ಮಗಳಿಗೆ ಮಾರ್ಕು, ಇದ್ಯಾವ ನ್ಯಾಯ ಎಂದ. ಅವನೇ ಬೈಯುವವನು ಎಂಬುದು ಅವನಿಗೆ ಹೊಳೆದಂತಿರಲಿಲ್ಲ.

ಮೇಷ್ಟ್ರ ತಮಾಷೆ ಮಾತ್ರ ಮಗಳಿಗೆ ನಾಟಿತ್ತು. ಅವರು ಇಡೀ ತರಗತಿಯ ಎದುರು, "ನಿನಗೇನಮ್ಮ ಚಿಂತೆ? ಹಾಲಿನ ಸಕ್ಕರೆ ಸೀಸೆಲೇ ಇದೆ, ಬೀರುವಿನ ಕೀ ನಿಮ್ಮಮ್ಮನ ಸೊಂಟದಲ್ಲಿದೆ" ಎಂದಿದ್ದರು. ಹುಡುಗಿಯರು ನಕ್ಕರು. ಬೀರುವಿನ ಎರಡನೇ ಹಲಗೆಯಲ್ಲಿ ಲ್ಯಾಕ್ಟೋಸ್ ಎಂಬ ಚೀಟಿ ಅಂಟಿಸಿದ ಸೀಸೆ ಇದ್ದದ್ದು ನಿಜ. ಹೋದ ವರ್ಷ ಇದೇ ಪ್ರಾಜೆಕ್ಟು ಮಾಡಿದ ಹುಡುಗಿಯ ತಟ್ಟೆಗೆ ಅದರಿಂದಲೇ ಒಂದು ಚಮಚ ಬಿದ್ದದ್ದೂ ನಿಜ. ಹಾಕಿದ ಕೈಯೂ ಲ್ಯಾಬಕ್ಕನದೇ. ಮನೆಗೆ ಬಂದ ಮಗಳು ಚೀಲ ಎಸೆದು ಒಂದೇ ಮಾತು ಹೇಳಿದಳು. "ಅಮ್ಮ, ನೀನು ಒಂದು ಬೆರಳೂ ಮುಟ್ಟಬೇಡ."

ಹಾಗಾಗಿ ಭಾನುವಾರ ತಾಯಿ ಅಡುಗೆಮನೆಯ ಬಾಗಿಲಲ್ಲಿ ಕೈ ಕಟ್ಟಿ ನಿಂತಳು. ಸುಮ್ಮನೆ ನಿಲ್ಲುವುದು ಅವಳಿಗೆ ಬಾರದ ಕೆಲಸ. ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು. ಮಗಳು ಕೆನೆ ತೆಗೆದ ಅರ್ಧ ಲೀಟರ್ ಹಾಲನ್ನು ಬೆಚ್ಚಗೆ ಮಾಡಿ ವಿನೆಗರ್ ತೊಟ್ಟುತೊಟ್ಟಾಗಿ ಬಿಟ್ಟಳು. ಹಾಲು ಒಡೆದು ಬಿಳಿಗಟ್ಟಿ ಒಂದು ಕಡೆ, ತಿಳಿನೀರು ಒಂದು ಕಡೆಯಾಯಿತು. ಬಟ್ಟೆಯಲ್ಲಿ ಸೋಸಿದಳು. ತಿಳಿನೀರಿನ ಹುಳಿ ಮುರಿಯಲು ಶಾಲೆಯಿಂದ ತಂದ ಸುಣ್ಣದಂಥ ಪುಡಿ ಹಾಕಿ ಕುದಿಸಿದಳು, ಮತ್ತೆ ಸೋಸಿದಳು, ಮತ್ತೆ ಬತ್ತಿಸಿದಳು. ಉರಿ ಹೆಚ್ಚಾಯಿತು, ತಳ ಹಿಡಿಯುತ್ತದೆ ಎಂದು ತಾಯಿಯ ನಾಲಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಮಗಳೇ ಕಂಡುಕೊಂಡು ಉರಿ ತಗ್ಗಿಸಿದಳು. ಕೊನೆಗೆ ಒಲೆ ಆರಿಸಿ, ಮೇಷ್ಟ್ರು ಅಳೆದು ಕೊಟ್ಟಿದ್ದ ಸ್ಪಿರಿಟ್ ಬೆರೆಸಿ, ಸ್ಟೀಲಿನ ಮೊಸರು ಬಟ್ಟಲಿಗೆ ಸುರಿದು, ಕಾಗದ ಮುಚ್ಚಿ ಮೇಲಿನ ಹಲಗೆಯಲ್ಲಿಟ್ಟಳು. ಅಲುಗಾಡಿಸದೆ ಬಿಡಬೇಕು, ತಾನಾಗಿ ಹರಳು ಕಟ್ಟಬೇಕು.

ಸೋಮವಾರ ಏನೂ ಇಲ್ಲ. ಮಂಗಳವಾರವೂ ಇಲ್ಲ. ಬುಧವಾರ ಸಂಜೆ ಮಗಳು ಸ್ಟೂಲು ಹತ್ತಿ, ಉಸಿರು ಬಿಗಿಹಿಡಿದು ಕರೆದಳು. ತಾಯಿಯೂ ಹತ್ತಿದಳು. ಒಂದೇ ಸ್ಟೂಲಿನ ಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನೋಡಿದರು. ನೀರು ಆರಿತ್ತು. ಬಟ್ಟಲಿನ ಅಂಚಿಗೆ, ತಳಕ್ಕೆ ತೆಳ್ಳಗೆ, ಒರಟಾಗಿ, ತುಸು ಹಳದಿಯಾಗಿ ಹರಳು ಹತ್ತಿತ್ತು. "ಇದು ನಂದು" ಎಂದಳು ಮಗಳು. ಚೆನ್ನಾಗಿ ಒಣಗಲಿ, ನಾಳೆ ಮೇಷ್ಟ್ರ ಎದುರೇ ಕೆರೆದು ತೂಗುತ್ತೇನೆ ಎಂದು ಮತ್ತೆ ಮುಚ್ಚಿಟ್ಟಳು.

ಗುರುವಾರ ಬೆಳಗಿನ ಐದು ಗಂಟೆಗೆ ತಾಯಿ ಆ ಬಟ್ಟಲನ್ನು ತೊಳೆದುಬಿಟ್ಟಳು.

ಸಿಂಕಿನ ಪಕ್ಕ ಇಟ್ಟದ್ದೆಲ್ಲ ಅವಳದು ಎಂಬುದು ಆ ಮನೆಯ ಕಾನೂನು. ತಿಂದವರು, ಕುಡಿದವರು ಅಲ್ಲಿ ಇಟ್ಟು ಹೋಗುತ್ತಾರೆ. ಇಟ್ಟರೆ ಅವರ ಪಾಲಿನ ಕೆಲಸ ಮುಗಿಯಿತು. ಕತ್ತಲಲ್ಲಿ ಅವಳ ಕೈ ಬಟ್ಟಲನ್ನು ಎತ್ತಿಕೊಂಡಿತು, ನೀರು ಹಿಡಿಯಿತು, ಹೆಬ್ಬೆರಳಿಗೆ ಒರಟು ತಾಕಿದಾಗ ನಾರು ಒತ್ತಿ ಇನ್ನೆರಡು ಸುತ್ತು ಉಜ್ಜಿತು. ಬೋರಲು ಹಾಕಿದ ಮೇಲೆ ಹೆಬ್ಬೆರಳು ಅವಳಿಗೆ ಹೇಳಿತು, ಅದು ಅನ್ನದ ಅಗುಳಲ್ಲ ಎಂದು.

ಅವಳು ದೀಪ ಹಾಕಿದಳು. ಮೇಲಿನ ಹಲಗೆಯಲ್ಲಿ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆರೆದಿತ್ತು, ಬಟ್ಟಲಿಗೆ ಮುಚ್ಚಿದ್ದ ಕಾಗದ ಪಕ್ಕದಲ್ಲಿ ಬಿದ್ದಿತ್ತು. ಗಂಡ ಹಸಿವಾಗಿ ಎದ್ದಿದ್ದಾನೆ, ಡಬ್ಬಿಗೆ ಅಡ್ಡವಿದ್ದ ಬಟ್ಟಲು ಇಳಿಸಿದ್ದಾನೆ, ಇಳಿಸಿದ್ದನ್ನು ಎಲ್ಲಿಡಬೇಕೋ ಅಲ್ಲಿಟ್ಟಿದ್ದಾನೆ. ಕೇಳಿದರೆ ಏನನ್ನುತ್ತಾನೆಂದೂ ಅವಳಿಗೆ ಗೊತ್ತಿತ್ತು. ನಾನೇನು ತೊಳಿ ಅಂದ್ನಾ?

ನಡುಮನೆಯಿಂದ ಅತ್ತೆ ದೀಪ ಯಾಕೆಂದು ಗೊಣಗಿದರು. ಆರಿಸಿದಳು. ಕೊಡ ತುಂಬಿ ಹರಿಯುತ್ತಿತ್ತು. ನಲ್ಲಿ ನಿಲ್ಲಿಸಿದಳು, ಮತ್ತೆ ಬಿಟ್ಟಳು, ತರಕಾರಿ ಹೆಚ್ಚಲು ಕೂತು ಎದ್ದಳು. ಹೊಸದಾಗಿ ಮಾಡಲು ನಾಲ್ಕು ದಿನ ಬೇಕು. ಒಪ್ಪಿಸಬೇಕಾದದ್ದು ಇವತ್ತು ಹತ್ತು ಗಂಟೆಗೆ. ಆರು ಗಂಟೆಗೆ ಮಗಳು ಹಲ್ಲುಜ್ಜುತ್ತಲೇ ಕೇಳಿದಳು.

"ಅಮ್ಮ, ಬಟ್ಟಲು?"

"ನನ್ನ ಚೀಲದಲ್ಲಿ ಇಟ್ಕೊಂಡಿದೀನಿ. ನಿನ್ನ ಬಸ್ಸಲ್ಲಿ ನೂಕುನುಗ್ಗಲು, ಅಲುಗಾಡುತ್ತೆ. ನಾನೇ ತಗೊಂಡ್ ಹೋಗ್ತೀನಿ."

"ಕಾಗದ ಬಿಚ್ಚಬೇಡ."

"ಇಲ್ಲ."

"ರೆಕಾರ್ಡ್ ಪುಸ್ತಕನೂ ನೀನೇ ಒಯ್ಯಿ ಹಾಗಾದ್ರೆ. ತೂಕ ಒಂದು ಬರೆಯೋದಿದೆ."

ಏಳೂಕಾಲಿಗೆ ಅವಳು ಲ್ಯಾಬಿನಲ್ಲಿದ್ದಳು. ಬಾಗಿಲು ಮುಂದೆ ಮಾಡಿ, ಬೀರು ತೆರೆದು, ಎರಡನೇ ಹಲಗೆಯ ಸೀಸೆ ಮೇಜಿನ ಮೇಲಿಟ್ಟಳು. ಹೇಗೆ ಮಾಡಬೇಕೆಂದು ಯೋಚಿಸುವ ಅಗತ್ಯವಿರಲಿಲ್ಲ. ಒಂದು ಚಮಚ ಪುಡಿ, ಸ್ವಲ್ಪ ಬಿಸಿನೀರು, ಬಿಸಿ ತಟ್ಟೆಯ ಮೇಲೆ ಬಟ್ಟಲು ತಿರುಗಿಸುತ್ತ ಒಣಗಿಸಿದರೆ ಅಂಚಿಗೆ ಹತ್ತುತ್ತದೆ. ಸೀಸೆಯದು ಹಿಟ್ಟಿನಂಥ ಬಿಳುಪು. ಆ ತುಸು ಹಳದಿಗೆ ಏನು ಬೇಕೆಂದೂ ಗೊತ್ತಿತ್ತು, ತನ್ನ ಫ್ಲಾಸ್ಕಿನ ಚಹಾದ ಒಂದು ತೊಟ್ಟು. ಮಗಳಿಗೂ ಗುರುತು ಸಿಗದು. ಅರ್ಧ ಗಂಟೆಯ ಕೆಲಸ.

ಚಮಚ ತುಂಬಿದಳು. ಎಷ್ಟು ಒರಟಿತ್ತು, ಎಲ್ಲಿಯವರೆಗೆ ಹತ್ತಿತ್ತು ಎಂದು ನೋಡಿಕೊಳ್ಳಲು ಇನ್ನೊಂದು ಕೈಯಲ್ಲಿ ರೆಕಾರ್ಡ್ ಪುಸ್ತಕ ತೆರೆದಳು. ಮಗಳು ಎಲ್ಲವನ್ನೂ ಬರೆದಿದ್ದಳು. ಉರಿ ಹೆಚ್ಚಾದದ್ದು, ತಗ್ಗಿಸಿದ್ದು, ಸೋಮವಾರದ ಏನೂ ಇಲ್ಲ, ಮಂಗಳವಾರದ ಏನೂ ಇಲ್ಲ. ತೂಕದ ಜಾಗ ಖಾಲಿ. ಕೆಳಗೆ, ಸಹಾಯ ಮಾಡಿದವರು ಎಂದು ಅಚ್ಚಾಗಿದ್ದ ಕಡೆ ದುಂಡಗೆ ಬರೆದಿತ್ತು: ಯಾರೂ ಇಲ್ಲ. ಅಮ್ಮ ನೋಡುತ್ತಿದ್ದರು.

ಅವಳು ಅದನ್ನು ಎರಡು ಸಲ ಓದಿದಳು. ಲ್ಯಾಬಿನ ಆಚೆ ತುದಿಯವರೆಗೆ ನಡೆದುಹೋಗಿ ಬಂದಳು; ಚಮಚ ಕೈಯಲ್ಲೇ ಇತ್ತು. ಹನ್ನೊಂದು ವರ್ಷದಲ್ಲಿ ಎಷ್ಟೋ ಹುಡುಗಿಯರ ನೀಲಿಯನ್ನು ಅವಳು ಮಾಡಿಕೊಟ್ಟಿದ್ದಳು, ಆ ಹುಡುಗಿಯರಿಗೆ ಗೊತ್ತೇ ಆಗದಂತೆ. ಈ ಹಳದಿ ಒಂದು ಮಾತ್ರ ತಾನಾಗಿ ಬಂದಿತ್ತು. ಅದನ್ನು ಕಣ್ಣಾರೆ ಕಂಡವರು ಇಬ್ಬರೇ.

ಮಾರ್ಕು ಹೋಗಬಹುದು. ಅಟೆಂಡರ್ ಬರೆದುಕೊಟ್ಟ ಸಾಕ್ಷಿ ಅಂತೆ ಎಂದು ಮೇಷ್ಟ್ರು ನಗಬಹುದು. ಮಗಳು ವಾರಗಟ್ಟಲೆ ಮಾತು ಬಿಡಬಹುದು, ಅದೇ ದೊಡ್ಡದು. ಸೀಸೆಯಿಂದ ತೆಗೆದದ್ದನ್ನು ಮತ್ತೆ ಸೀಸೆಗೆ ಹಾಕಬಾರದೆಂಬುದು ಲ್ಯಾಬಿನ ನಿಯಮ; ಚಮಚದ ಪುಡಿಯನ್ನು ತೊಟ್ಟಿಗೆ ಸುರಿದು ನೀರು ಬಿಟ್ಟಳು. ಸೀಸೆಯನ್ನು ಒಳಗಿಟ್ಟು ಬೀರುವಿಗೆ ಬೀಗ ಹಾಕಿದಳು. ಪೆನ್ನಿಗಾಗಿ ತಡಕಾಡಿ, ರಿಜಿಸ್ಟರಿಗೆ ಕಟ್ಟಿದ್ದ ಪೆನ್ನನ್ನು ದಾರದ ಸಮೇತ ಎಳೆದುಕೊಂಡು, ತೂಕದ ಜಾಗದ ಪಕ್ಕ ಬರೆದಳು.

'ಬುಧವಾರ ಸಂಜೆ ಹರಳು ಬಂದಿತ್ತು. ನಾನು ನೋಡಿದ್ದೇನೆ. ಗುರುವಾರ ಬೆಳಿಗ್ಗೆ ಬಟ್ಟಲನ್ನು ತೊಳೆದವಳು ನಾನು.'

ಪುಟದ ಕೊನೆಯಲ್ಲಿ ತಂದೆಯ ಸಹಿ ಎಂದು ಅಚ್ಚಾಗಿತ್ತು. ಅಲ್ಲಿ ತನ್ನ ಸಹಿ ಹಾಕಿದಳು. ಮೊದಲ ಬಸ್ಸಿನ ಹುಡುಗಿಯರ ಗದ್ದಲ ಕೇಳತೊಡಗಿತ್ತು. ಮಗಳು ಇದನ್ನು ಪುಸ್ತಕದಲ್ಲಿ ಓದುವ ಮೊದಲು ತನ್ನ ಬಾಯಿಂದ ಕೇಳಬೇಕು. ಅವಳು ಪುಸ್ತಕವನ್ನೂ ಖಾಲಿ ಬಟ್ಟಲನ್ನೂ ಎತ್ತಿಕೊಂಡು, ಲ್ಯಾಬಿನ ಬಾಗಿಲು ತೆರೆದೇ ಬಿಟ್ಟು, ಗೇಟಿನ ಕಡೆ ಹೊರಟಳು.